ಕರುಣೆಯೂ ನ್ಯಾಯವೂ: ಕ್ರೈಸ್ತ ಶ್ರದ್ಧೆಯ ಒಂದು ಕಲ್ಪನೆಯು ಕನ್ನಡದಲ್ಲಿ ಪಡೆದ ರೂಪ

1

ಬೆಂಗಳೂರು ದಂಡಿನ ಶಿವಾಜಿನಗರದಲ್ಲಿರುವ ಸಂತ ಮೇರಿ ದೇವಾಲಯದ ಚರಿತ್ರೆಯು ಸಾಕಷ್ಟು ಪ್ರಸಿದ್ಧವಾದುದು. 19ನೆಯ ಶತಮಾನದ ಆದಿಭಾಗದಲ್ಲಿ ಅಬ್ಬೆ ದ್ಯುಬುವಾ ಎಂಬ ಫ್ರೆಂಚ್ ಪಾದ್ರಿಯು ಕಟ್ಟಿಸಿದ ಹುಲ್ಲು ಹೊದಿಕೆಯ ಸಣ್ಣ ಪ್ರಾರ್ಥನಾಲಯದ ಸ್ಥಾನದಲ್ಲಿ ಈಗಿನ ಗಾಥಿಕ್ ಶೈಲಿಯ ಕಟ್ಟಡವು ಎದ್ದು, 1882ರ ಸೆಪ್ಟೆಂಬರ್ 8ರಂದು ಪ್ರತಿಷ್ಠಿತವಾಯಿತು. 1973ರಲ್ಲಿ ಅದಕ್ಕೆ ಬಸಿಲಿಕದ ಪದವಿಯು ದೊರೆಯಿತು. ಪ್ರತಿವರ್ಷವೂ ಸೆಪ್ಟೆಂಬರ್ 8ರ ಉತ್ಸವಕ್ಕೆ ಕ್ರೈಸ್ತರು ಮಾತ್ರವಲ್ಲದೆ ಅನ್ಯಮತೀಯರೂ ಅಪಾರ ಸಂಖ್ಯೆಯಲ್ಲಿ ಬಂದು, ಸೀರೆಯುಟ್ಟ ಮಾತೆಯ ಮುಂದೆ ಮೊಂಬತ್ತಿಯನ್ನು ಹಚ್ಚುವರು. ಅವರು ಬೇಡುವುದು ರೋಗದ ಉಪಶಮನ, ಮಕ್ಕಳ ಕ್ಷೇಮ, ಮನೆಯ ನೆಮ್ಮದಿ. ಇವೆಲ್ಲವನ್ನೂ ಒಂದೇ ಮಾತಿನಲ್ಲಿ ಹೇಳಬೇಕಾದರೆ ಅವರು ಬೇಡುವುದು ಕರುಣೆಯನ್ನು.

ಆದರೆ ಕ್ಯಾಥೊಲಿಕ್ ದೇವಾಲಯಗಳಲ್ಲಿ ಕರುಣೆಯನ್ನು ಬೇಡುವ ಮತ್ತೊಂದು ಸ್ಥಳವೂ ಉಂಟು. ಅದು ಪಾಪನಿವೇದನೆಯ ಪೀಠ. ಅಲ್ಲಿ ಮೊಣಕಾಲೂರಿದವನು ‘ನನಗೆ ನೋವಾಗಿದೆ’ ಎಂದು ಹೇಳುವುದಿಲ್ಲ. ‘ನಾನು ತಪ್ಪು ಮಾಡಿದ್ದೇನೆ’ ಎಂದು ಹೇಳುವನು. ಮೊದಲನೆಯವನು ದುಃಖದಿಂದ ಬಿಡುಗಡೆಯನ್ನು ಕೇಳಿದರೆ ಎರಡನೆಯವನು ಅಪರಾಧದಿಂದ ಬಿಡುಗಡೆಯನ್ನು ಕೇಳುತ್ತಾನೆ. ಈ ಎರಡಕ್ಕೂ ಕನ್ನಡವು ‘ಕರುಣೆ’ ಎಂಬ ಒಂದೇ ಪದವನ್ನು ಬಳಸುತ್ತದೆ. ಎರಡೂ ಒಂದೆಯೇ? ಅಲ್ಲವಾದರೆ ನಮ್ಮ ಭಾಷೆಯೂ ಸಾಹಿತ್ಯವೂ ಆ ಭೇದವನ್ನು ಎಷ್ಟರ ಮಟ್ಟಿಗೆ ಉಳಿಸಿಕೊಂಡಿವೆ? ಈ ಪ್ರಶ್ನೆಯನ್ನು ಪದ, ಕಾವ್ಯ, ಆಚರಣೆ ಎಂಬ ಮೂರು ನೆಲೆಗಳಲ್ಲಿ ಪರಿಶೀಲಿಸುವುದೇ ಪ್ರಕೃತ ಲೇಖನದ ಉದ್ದೇಶ.

2

ಬಳ್ಳಾರಿಯಲ್ಲಿ ನೆಲೆಸಿದ್ದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸನ ಶ್ರಮದಿಂದ ಇಡಿಯ ಬೈಬಲ್ಲು 1831ರ ಹೊತ್ತಿಗೆ ಕನ್ನಡದಲ್ಲಿ ಮುದ್ರಿತವಾಯಿತು. ಅಲ್ಲಿಂದ ಮುಂದಿನ ಪರಿಷ್ಕರಣಗಳನ್ನೂ ಸೇರಿಸಿ ನೋಡಿದರೆ, ದೇವರ ಕರುಣೆಯನ್ನು ಸೂಚಿಸಲು ಕನ್ನಡದ ಅನುವಾದಕರು ಮುಖ್ಯವಾಗಿ ಕೃಪೆ, ದಯೆ, ಕರುಣೆ, ಕನಿಕರ ಎಂಬ ನಾಲ್ಕು ಮಾತುಗಳನ್ನು ಅವಲಂಬಿಸಿದರೆಂದು ಕಂಡುಬರುವುದು. ಮೂಲದಲ್ಲಿಯಾದರೋ ಪದಗಳು ಬೇರೆ ಬೇರೆ, ಅರ್ಥಗಳೂ ಬೇರೆ ಬೇರೆ.

ಹೀಬ್ರೂ ಭಾಷೆಯ ‘ರಹಮೀಮ್’ ಎಂಬುದು ಗರ್ಭವಾಚಕವಾದ ‘ರೆಹೆಮ್’ ಶಬ್ದಕ್ಕೆ ಸಂಬಂಧಿಸಿದುದು. ಹೆತ್ತವಳಿಗೆ ಮಗುವಿನ ಮೇಲಿರುವ ಮರುಕವೇ ಅದರ ಮೂಲಭಾವ. ಹೊಸ ಒಡಂಬಡಿಕೆಯ ಗ್ರೀಕಿನಲ್ಲಿ, ದುಂದುಗಾರ ಮಗನು ಹಿಂದಿರುಗುವುದನ್ನು ದೂರದಿಂದಲೇ ಕಂಡ ತಂದೆಯ ಭಾವವನ್ನು ಹೇಳುವ ಕ್ರಿಯಾಪದವು ಒಡಲೊಳಗಿನ ಅಂಗಗಳನ್ನು ಸೂಚಿಸುವ ಶಬ್ದದಿಂದ ಹುಟ್ಟಿದೆ. ಇಲ್ಲಿ ಕನ್ನಡಿಗನು ಪರಕೀಯತೆಯನ್ನು ಅನುಭವಿಸಬೇಕಾದುದಿಲ್ಲ. ಕರುಳು ಕರಗುವುದು, ಕರುಳು ಹಿಂಡುವುದು, ಕರುಳಬಳ್ಳಿ ಎಂದು ನಮ್ಮ ಜನ ದಿನವೂ ಆಡುವ ಮಾತುಗಳು ಅದೇ ಅನುಭವದಿಂದ ಬಂದವು. ಆ ಸಂದರ್ಭದಲ್ಲಿ ಅನುವಾದಕರು ‘ಕನಿಕರ’ವನ್ನು ಆರಿಸಿಕೊಂಡುದು ಉಚಿತವಾಗಿಯೇ ಇದೆ.

‘ಹೆಸೆದ್’ ಎಂಬ ಹೀಬ್ರೂ ಶಬ್ದದ ವಿಷಯ ಹಾಗಲ್ಲ. ಒಡಂಬಡಿಕೆಗೆ ಕಟ್ಟುಬಿದ್ದವನು ಎದುರುಪಕ್ಷವು ಮಾತಿಗೆ ತಪ್ಪಿದಾಗಲೂ ತಾನು ತಪ್ಪದೆ ನಡೆಯುವ ನಿಷ್ಠೆಯೇ ಅದರ ತಿರುಳು. ಕೀರ್ತನೆಗಳಲ್ಲಿ ಇದಕ್ಕೆ ಸಾಮಾನ್ಯವಾಗಿ ‘ಕೃಪೆ’ ಎಂಬ ಪದವು ಬಂದಿದೆ. ಕೃಪೆಯು ಒಡೆಯನು ಆಳಿಗೆ ತೋರುವಂತಹುದು. ಇಷ್ಟವಿದ್ದರೆ ತೋರಬಹುದು, ಇಲ್ಲವಾದರೆ ಬಿಡಬಹುದು. ಹೆಸೆದ್ ಆದರೋ ಒಡೆಯನನ್ನೂ ಕಟ್ಟಿಹಾಕುವ ಬಂಧ. ಹೀಗಾಗಿ ಕೊಟ್ಟ ಮಾತಿನ ನೆನಪು ಮಸುಕಾಗಿ, ಕೊಡುವವನ ಔದಾರ್ಯವೇ ಮುಂದೆ ಬರುವುದು.

ಇದಕ್ಕಿಂತಲೂ ಗಮನಾರ್ಹವಾದುದು ಲೂಕನ ಸುವಾರ್ತೆಯ 18ನೆಯ ಅಧ್ಯಾಯದ ಸುಂಕದವನ ಪ್ರಾರ್ಥನೆ. ಅಲ್ಲಿನ ಗ್ರೀಕ್ ಕ್ರಿಯಾಪದವು ಕರುಣೆಗೆ ಬಳಸುವ ಸಾಮಾನ್ಯ ಪದವಲ್ಲ. ದೋಷಪರಿಹಾರಕ್ಕೂ ಬಲಿಪೀಠದ ಪ್ರಾಯಶ್ಚಿತ್ತಕ್ಕೂ ಸಂಬಂಧಿಸಿದುದು. ನಮ್ಮಲ್ಲಿ ರೂಢವಾಗಿರುವ ಪಾಠವು ಅದನ್ನು ‘ಕರುಣಿಸು’ ಎಂದಿದೆ. ಇಂಗ್ಲಿಷಿನ ಪ್ರಸಿದ್ಧ ಅನುವಾದಗಳೂ ಇದೇ ದಾರಿಯನ್ನು ಹಿಡಿದಿರುವುದರಿಂದ ಕನ್ನಡದವರನ್ನು ಮಾತ್ರ ದೂರುವುದು ಸಲ್ಲದು. ಆದರೂ ಸುಂಕದವನು ಬಯಸಿದುದು ಮರುಕವನ್ನಷ್ಟೇ ಅಲ್ಲ, ತನ್ನ ದೋಷವು ಪರಿಹಾರವಾಗುವುದನ್ನು ಎಂಬ ಅಂಶವು ಓದುಗನಿಗೆ ತಲುಪದೆ ಹೋಗುತ್ತದೆ.

3

ಪದಗಳ ಹಿಂದೆ ಪರಂಪರೆಯಿರುತ್ತದೆ. ಕನ್ನಡದಲ್ಲಿ ದಯೆಯನ್ನು ಕುರಿತ ಕಾವ್ಯಗಳಲ್ಲಿ ಅಗ್ರಗಣ್ಯವಾದ ಜನ್ನನ ‘ಯಶೋಧರ ಚರಿತೆ’ಯು 1209ರಲ್ಲಿ ರಚಿತವಾಯಿತು. ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ ಸಂಕಲ್ಪಹಿಂಸೆಗಾಗಿ ಯಶೋಧರನೂ ಅವನ ತಾಯಿಯೂ ಜನ್ಮಜನ್ಮಾಂತರಗಳಲ್ಲಿ ತೊಳಲುವರು. ಅಲ್ಲಿ ಜೀವದಯೆಯು ಪರಮಧರ್ಮ. ಆದರೆ ಮಾಡಿದ ಕರ್ಮವನ್ನು ಮನ್ನಿಸುವ ದೇವರಿಲ್ಲ. ದಯೆಯು ಮನುಷ್ಯನು ಜೀವಿಗಳಿಗೆ ಸಲ್ಲಿಸಬೇಕಾದುದೇ ಹೊರತು ಅಪರಾಧಿಯು ಮೇಲಿನಿಂದ ಪಡೆಯತಕ್ಕುದಲ್ಲ. ಇಂತಹ ಗಾಢವಾದ ಸಂಸ್ಕಾರವನ್ನು ಹೊತ್ತ ಭಾಷೆಗೆ ಕ್ರೈಸ್ತರ ಕ್ಷಮಾಕಲ್ಪನೆಯು ಪ್ರವೇಶಿಸಿತೆಂಬುದನ್ನು ನಾವು ನೆನಪಿಡಬೇಕು.

ಆ ಪ್ರವೇಶವನ್ನು ಕಾವ್ಯದ ಮೂಲಕ ಸಾಧಿಸಲು ಯತ್ನಿಸಿದವರಲ್ಲಿ ಫರ್ಡಿನಾಂಡ್ ಕಿಟ್ಟೆಲರು ಪ್ರಮುಖರು. ಅವರು 1862ರ ‘ಕಥಾಮಾಲೆ’ಯಲ್ಲಿ ಕ್ರಿಸ್ತಚರಿತೆಯನ್ನು ದೇಶೀಯ ಛಂದಸ್ಸಿಗೆ ಅಳವಡಿಸಿದರು. ದಂಡಿನ ಮಹಾತ್ಮಾ ಗಾಂಧಿ ರಸ್ತೆಯಲ್ಲಿ ಪ್ರತಿಮೆಯಾಗಿ ನಿಂತಿರುವ ಕಿಟ್ಟೆಲರನ್ನು ನಾವು 1894ರ ನಿಘಂಟಿನ ಕರ್ತೃವೆಂದು ಮಾತ್ರ ಸ್ಮರಿಸುವುದು ವಾಡಿಕೆ. ಈ ಕೃತಿಯೂ ಸ್ಮರಣಾರ್ಹವೇ. ಆದರೆ ಕನ್ನಡದ ವಿದ್ಯಾವಂತ ಓದುಗನಿಗೆ ಕ್ರಿಸ್ತನ ಮರಣವನ್ನು ಮಹಾಕಾವ್ಯದ ಗಾಂಭೀರ್ಯದಿಂದ ಕಾಣಿಸಿದವರು ಕ್ರೈಸ್ತರಲ್ಲದ ಮಂಜೇಶ್ವರದ ಗೋವಿಂದ ಪೈಗಳು. 1930ರ ದಶಕದ ‘ಗೊಲ್ಗೊಥಾ’ವು ಯೇಸುವಿನ ಕಡೆಯ ದಿನವನ್ನೂ 1940ರ ದಶಕದ ‘ವೈಶಾಖಿ’ಯು ಬುದ್ಧನ ಕಡೆಯ ದಿನವನ್ನೂ ವಸ್ತುವಾಗಿ ಪಡೆದಿವೆ. ಈ ಎರಡನ್ನೂ ಜೊತೆಯಾಗಿ ಓದುವುದು, ಇಬ್ಬರನ್ನೂ ‘ಕರುಣಾಮೂರ್ತಿ’ಗಳೆಂದು ಕರೆದು ಕೈಮುಗಿಯುವುದು ನಮ್ಮ ತರಗತಿಗಳಲ್ಲಿ ನಡೆದುಬಂದ ಕ್ರಮ. ಗೌರವದ ದೃಷ್ಟಿಯಿಂದ ಇದು ಸರಿಯೇ. ವಿಮರ್ಶೆಯ ದೃಷ್ಟಿಯಿಂದ ಸಾಲದು.

ಎರಡು ಮತಗಳ ಮೂಲಗ್ರಂಥಗಳಲ್ಲಿ ಆ ಕಡೆಯ ದಿನಗಳು ಹೇಗಿವೆಯೆಂಬುದನ್ನು ನೋಡೋಣ. ಪಾಲಿಯ ಮಹಾಪರಿನಿಬ್ಬಾಣ ಸುತ್ತದಲ್ಲಿ ಕಮ್ಮಾರನಾದ ಚುಂದನು ಬಡಿಸಿದ ಭೋಜನದ ತರುವಾಯ ಬುದ್ಧನು ಅಸ್ವಸ್ಥನಾಗುತ್ತಾನೆ. ಚುಂದನು ಪಶ್ಚಾತ್ತಾಪದಿಂದ ಬೇಯಬಾರದೆಂದೂ ಆ ದಾನವು ಪುಣ್ಯಪ್ರದವೇ ಆಗಿದೆಯೆಂದೂ ಅವನಿಗೆ ತಿಳಿಸುವಂತೆ ಆನಂದನಿಗೆ ಹೇಳುತ್ತಾನೆ. ಮರಣದ ಅಂಚಿನಲ್ಲಿಯೂ ಪರರ ಮನಸ್ಸಿನ ನೋವನ್ನು ಎಣಿಸಿದ ಈ ಕರುಣೆಗೆ ಸಾಟಿಯಿಲ್ಲ. ಆದರೆ ಚುಂದನು ನಿರಪರಾಧಿ. ಅವನಿಗೆ ಬೇಕಾದುದು ಸಮಾಧಾನವೇ ಹೊರತು ಕ್ಷಮೆಯಲ್ಲ.

ಲೂಕನ 23ನೆಯ ಅಧ್ಯಾಯದಲ್ಲಿ ಶಿಲುಬೆಗೆ ಏರಿಸಿದವರ ಪರವಾಗಿ ಯೇಸುವು ಕ್ಷಮೆಯನ್ನು ಬೇಡುತ್ತಾನೆ. ಕೆಲವು ಪ್ರಾಚೀನ ಹಸ್ತಪ್ರತಿಗಳಲ್ಲಿ ಈ ವಾಕ್ಯವಿಲ್ಲವಾದರೂ ಕ್ರೈಸ್ತ ಪರಂಪರೆಯು ಇದನ್ನು ಕರುಣೆಯ ಪರಮಾವಧಿಯೆಂದೇ ಪರಿಗಣಿಸಿದೆ. ಅವರು ಅಜ್ಞರೆಂಬ ಕಾರಣವನ್ನು ಅಲ್ಲಿ ಮುಂದಿಟ್ಟಿದೆ; ನಿರಪರಾಧಿಗಳೆಂದು ಹೇಳಿಲ್ಲ. ತಪ್ಪಿಲ್ಲದವರಿಗೆ ಕ್ಷಮೆಯ ಅಗತ್ಯವೇ ಇರದು. ಅದೇ ಅಧ್ಯಾಯದಲ್ಲಿ, ಪಕ್ಕದ ಶಿಲುಬೆಯ ಮೇಲಿದ್ದ ಅಪರಾಧಿಗಳಲ್ಲಿ ಒಬ್ಬನು ತನಗಾದ ಶಿಕ್ಷೆಯು ನ್ಯಾಯವಾದುದೆಂದು ಮೊದಲು ಒಪ್ಪಿಕೊಳ್ಳುತ್ತಾನೆ. ಆಮೇಲೆ ತನ್ನನ್ನು ನೆನೆಯಬೇಕೆಂದು ಕೇಳುತ್ತಾನೆ. ನ್ಯಾಯದ ಅಂಗೀಕಾರವು ಮೊದಲು, ಕರುಣೆಯ ವಾಗ್ದಾನವು ಅನಂತರ. ಈ ಕ್ರಮವನ್ನು ತಿರುಗಿಸಿದರೆ ಕಥೆಯೇ ಕೆಡುವುದು.

13ನೆಯ ಶತಮಾನದ ಥಾಮಸ್ ಅಕ್ವೈನಾಸನು ಕರುಣೆಯು ನ್ಯಾಯವನ್ನು ಅಳಿಸುವುದಿಲ್ಲ, ಅದನ್ನು ಪೂರ್ಣಗೊಳಿಸುತ್ತದೆಯೆಂದು ವಾದಿಸಿದುದರ ತಾತ್ಪರ್ಯವೂ ಇದೇ. ಸಾಲಗಾರನಿಗೆ ಸಾಲವನ್ನು ಬಿಟ್ಟುಕೊಡುವವನು ಸಾಲವೇ ಇರಲಿಲ್ಲವೆಂದು ಸುಳ್ಳು ಲೆಕ್ಕವನ್ನು ಬರೆಯುವುದಿಲ್ಲ. ಲೆಕ್ಕವು ನಿಜವಾಗಿದ್ದಾಗಲೇ ಬಿಟ್ಟುಕೊಟ್ಟುದಕ್ಕೆ ಬೆಲೆ.

‘ಗೊಲ್ಗೊಥಾ’ದ ಹಿರಿಮೆಯೂ ಮಿತಿಯೂ ಇಲ್ಲಿ ಸ್ಪಷ್ಟವಾಗುವುವು. ಉಪದೇಶಗಳನ್ನು ಬದಿಗಿಟ್ಟು ಕಡೆಯ ದಿನವೊಂದನ್ನೇ ಆರಿಸಿಕೊಂಡುದರಿಂದ ಕರುಣೆಯು ತತ್ತ್ವವಾಗಿ ಉಳಿಯದೆ ಘಟನೆಯಾಗಿ ನಮ್ಮೆದುರು ನಿಲ್ಲುತ್ತದೆ. ಇದು ಕವಿಯ ಸರಿಯಾದ ಒಳನೋಟ. ಆದರೆ ಕಾವ್ಯದ ಪ್ರೌಢವಾದ ಪದಸರಣಿಯು ಸಾಯುವವನ ಔನ್ನತ್ಯವನ್ನು ಎತ್ತರಿಸಿದಷ್ಟೂ ಓದುಗನ ದೃಷ್ಟಿಯು ಆ ಔನ್ನತ್ಯದಲ್ಲಿಯೇ ನೆಟ್ಟುಹೋಗುವ ಅಪಾಯವಿದೆ. ಸುವಾರ್ತೆಯ ಕರುಣೆಯು ಸಾಲ, ಕೂಲಿ, ಸುಂಕ, ಕಳೆದುಹೋದ ಕುರಿ ಎಂಬ ಸಾಮಾನ್ಯ ಜನರ ಮಾತಿನಲ್ಲಿ ನಡೆಯುವಂತಹುದು. ಕೇಳುವವನನ್ನು ನೋಟಗಾರನಾಗಿ ಉಳಿಯಗೊಡದೆ ಸಾಲಗಾರನ ಸ್ಥಾನದಲ್ಲಿ ನಿಲ್ಲಿಸುವಂತಹುದು. ‘ಗೊಲ್ಗೊಥಾ’ವನ್ನು ಓದಿ ಮುಗಿಸಿದವನು ‘ಎಂತಹ ಮಹಾತ್ಮ!’ ಎಂದುಕೊಳ್ಳುವನು, ‘ನನ್ನ ಲೆಕ್ಕವೇನು?’ ಎಂದು ಕೇಳಿಕೊಳ್ಳುವನೋ ಇಲ್ಲವೋ ಸಂದೇಹ. ಭಕ್ತನಲ್ಲದ ಕವಿಯಿಂದ ಇದನ್ನು ನಿರೀಕ್ಷಿಸುವುದು ನ್ಯಾಯವಲ್ಲವೆಂದು ಹೇಳಬಹುದು. ಆದರೆ ಕೊರತೆಯಿರುವುದು ಭಕ್ತಿಯಲ್ಲಲ್ಲ, ನಮ್ಮ ಭಾಷೆಯು ಕಟ್ಟಿಕೊಟ್ಟ ಕರುಣೆಯ ಚಿತ್ರದಲ್ಲಿ ಎಂಬುದೇ ನನ್ನ ವಾದ.

4

ಈಗ ನಾವು ಹೊರಟ ಸ್ಥಳವಾದ ದಂಡಿಗೆ ಮರಳೋಣ. 1809ರಲ್ಲಿ ಸೈನ್ಯದ ನೆಲೆಯಾಗಿ ಆರಂಭವಾದ ಈ ಪ್ರದೇಶದ ದೇವಾಲಯಗಳಲ್ಲಿ ತಮಿಳು, ಇಂಗ್ಲಿಷ್, ಕೊಂಕಣಿ, ಕನ್ನಡಗಳು ಅಕ್ಕಪಕ್ಕದಲ್ಲಿ ಬಾಳಿವೆ. ಇಲ್ಲಿ ಇತಿಹಾಸದ ವಿದ್ಯಾರ್ಥಿಯು ಗಮನಿಸಬೇಕಾದ ಒಂದು ಸಂಗತಿಯುಂಟು. ಲ್ಯಾಟಿನ್ ಪೂಜಾವಿಧಿಯ ಕಾಲದಲ್ಲಿಯೂ ಪಾಪನಿವೇದನೆಯನ್ನು ಜನರು ತಮ್ಮ ಆಡುಮಾತಿನಲ್ಲಿಯೇ ಮಾಡುತ್ತಿದ್ದರು. ಕ್ಷಮೆಯ ವಿಧಿವಾಕ್ಯವನ್ನು ಮಾತ್ರ ಪಾದ್ರಿಯು ಲ್ಯಾಟಿನ್ನಿನಲ್ಲಿ ಉಚ್ಚರಿಸುತ್ತಿದ್ದನು. ಅಪರಾಧವು ತಾಯ್ನುಡಿಯಲ್ಲಿ, ಕರುಣೆಯು ತಿಳಿಯದ ನುಡಿಯಲ್ಲಿ! 1963ರ ಡಿಸೆಂಬರ್ 4ರಂದು ಎರಡನೆಯ ವ್ಯಾಟಿಕನ್ ಮಹಾಸಭೆಯು ಪೂಜಾವಿಧಿಯ ಶಾಸನವನ್ನು ಹೊರಡಿಸಿ ದೇಶಭಾಷೆಗಳಿಗೆ ದಾರಿಯನ್ನು ತೆರೆದ ತರುವಾಯವೇ ಈ ಎರಡು ಅರ್ಧಗಳೂ ಒಂದೇ ಭಾಷೆಯಲ್ಲಿ ಕೂಡಿದುದು. ಬೆಂಗಳೂರಿನಲ್ಲಿ ಪೂಜೆಯ ಭಾಷೆಯನ್ನು ಕುರಿತು ಮುಂದೆ ಎದ್ದ ವಿವಾದಗಳನ್ನು ಕೇವಲ ಭಾಷಾಭಿಮಾನವೆಂದು ತಳ್ಳಿಹಾಕುವವರು ಇದನ್ನು ಮನಗಾಣಬೇಕು. ತನ್ನ ತಪ್ಪನ್ನು ಹೇಳಿಕೊಂಡ ಮಾತಿನಲ್ಲಿಯೇ ಮನ್ನಣೆಯನ್ನೂ ಕೇಳಬೇಕೆಂಬ ಬಯಕೆಯು ಅದರಲ್ಲಿ ಅಡಗಿದೆ.

ಹಾಗಾದರೆ ಮೊಂಬತ್ತಿಯನ್ನು ಹಚ್ಚುವವರ ಕರುಣೆಯು ಕೀಳೇ? ಹಾಗೆ ತೀರ್ಮಾನಿಸುವುದು ಅವಸರವಾದೀತು. ಮರಿಯಮಾತೆಯನ್ನು ಸಂಬೋಧಿಸುವ ನಿತ್ಯಪ್ರಾರ್ಥನೆಯಲ್ಲಿ ಭಕ್ತನು ತನ್ನನ್ನು ಪಾಪಿಯೆಂದೇ ಕರೆದುಕೊಳ್ಳುವನು. ರೋಗಶಾಂತಿಯನ್ನು ಬೇಡುವ ಬಾಯಿಯೇ ದೋಷವನ್ನೂ ಒಪ್ಪಿಕೊಂಡಿರುತ್ತದೆ. ಅಲ್ಲದೆ ಮತ್ತಾಯನ 25ನೆಯ ಅಧ್ಯಾಯದಲ್ಲಿ ಹಸಿದವನಿಗೆ ಅನ್ನವನ್ನು ಕೊಡದವನು, ರೋಗಿಯನ್ನು ನೋಡಲು ಹೋಗದವನು ನ್ಯಾಯಸ್ಥಾನದಲ್ಲಿ ಉತ್ತರ ಹೇಳಬೇಕಾಗುತ್ತದೆ. ಎಂದರೆ ದೀನರಿಗೆ ತೋರುವ ಕರುಣೆಯು ತೋರುವವನ ಇಷ್ಟಕ್ಕೆ ಬಿಟ್ಟುದಲ್ಲ. ಅದು ಅವನು ತೀರಿಸಬೇಕಾದ ಋಣ. 1898ರ ಪ್ಲೇಗಿನಂತಹ ವಿಪತ್ತುಗಳನ್ನು ಕಂಡ ದಂಡಿನ ಬಡವರಿಗೆ ಉಪಕಾರ ಮಾಡಿದವರನ್ನು ನಾವು ಉದಾರಿಗಳೆಂದು ಹೊಗಳುವಾಗ, ಬಡವರು ‘ದಯೆಗೆ ಪಾತ್ರರು’ ಆಗಿಯೇ ಉಳಿದುಬಿಡುವರು. ಸುವಾರ್ತೆಯ ಲೆಕ್ಕದಲ್ಲಿ ಅವರು ಸಾಲ ಕೊಟ್ಟವರು.

2000ದ ಮಾರ್ಚ್ 12ರಂದು ಪೋಪ್ ಎರಡನೆಯ ಜಾನ್ ಪಾಲರು ರೋಮಿನಲ್ಲಿ ಚರ್ಚಿನ ಮಕ್ಕಳು ಗತಕಾಲದಲ್ಲಿ ಎಸಗಿದ ತಪ್ಪುಗಳಿಗಾಗಿ ಬಹಿರಂಗವಾಗಿ ದೇವರ ಕ್ಷಮೆಯನ್ನು ಯಾಚಿಸಿದರು. ತಪ್ಪನ್ನು ಹೆಸರಿಸದೆ ಕರುಣೆಯನ್ನು ಕೇಳಲಾಗದೆಂಬುದಕ್ಕೆ ಇದೂ ಒಂದು ನಿದರ್ಶನ. ಇತಿಹಾಸಕಾರನ ಕೆಲಸವೂ ಇದಕ್ಕೆ ದೂರವಾದುದಲ್ಲ. ಅವನು ಕ್ಷಮಿಸುವ ಅಧಿಕಾರಿಯಲ್ಲ, ಆದರೆ ಲೆಕ್ಕವು ಸುಳ್ಳಾಗದಂತೆ ಕಾಯುವವನು.

ಒಟ್ಟಿನಲ್ಲಿ, ಕ್ರೈಸ್ತ ಶ್ರದ್ಧೆಯ ದೈವೀ ಕರುಣೆಯನ್ನು ಕನ್ನಡವು ಮರುಕದ ಕಡೆಯಿಂದ ಚೆನ್ನಾಗಿ ಹಿಡಿದಿದೆ. ನ್ಯಾಯದ ಕಡೆಯಿಂದ ಅರ್ಧಮರ್ಧವಾಗಿ ಮಾತ್ರ ಹಿಡಿದಿದೆ. ಕೊರತೆಯನ್ನು ತುಂಬಲು ಹೊಸ ಶಬ್ದಗಳನ್ನು ಟಂಕಿಸಬೇಕಾದುದಿಲ್ಲ. ಋಣ, ಒಡಂಬಡಿಕೆ, ಮನ್ನಣೆ ಎಂಬ ಮಾತುಗಳು ನಮ್ಮಲ್ಲಿ ಈಗಾಗಲೇ ಇವೆ. ಬೈಬಲ್ಲಿನ ಕನ್ನಡವನ್ನೂ ‘ಗೊಲ್ಗೊಥಾ’ವನ್ನೂ ಪಾಠಹೇಳುವ ಅಧ್ಯಾಪಕರು ‘ಕರುಣೆ’ ಎಂಬ ಪದವು ಬಂದೆಡೆಯಲ್ಲಿ ಒಂದು ಕ್ಷಣ ನಿಂತು, ಇಲ್ಲಿ ಯಾರ ನೋವಿಗೆ, ಯಾರ ತಪ್ಪಿಗೆ ಎಂದು ವಿದ್ಯಾರ್ಥಿಗಳನ್ನು ಕೇಳಿದರೆ ಸಾಕು. ಆ ಪ್ರಶ್ನೆಯಿಂದ ಕಾವ್ಯವೂ ಕಳೆಗುಂದದು, ಶ್ರದ್ಧೆಗೂ ಕುಂದು ಬಾರದು.