ಹೊಳೆ ಒಂದು, ತೂಬು ನೂರು

ಸತ್ತೇಗಾಲದ ಕಡೆ ‘ಸರ್ವರ್ ಇಲ್ಲ’ ಎಂದರೆ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಪಡಿತರ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಿದರೂ ಅಕ್ಕಿ ಸಿಗಲಿಲ್ಲ, ಪಹಣಿಗೆ ದುಡ್ಡು ಕೊಟ್ಟರೂ ಹಾಳೆ ಹೊರಗೆ ಬರಲಿಲ್ಲ, ನಾಳೆ ಬನ್ನಿ. ಇಷ್ಟೂ ಆ ಎರಡು ಪದಗಳಲ್ಲಿ ಅಡಗಿದೆ. ಆದರೆ ಆ ಸರ್ವರ್ ಎಲ್ಲಿದೆ, ಹೇಗಿದೆ ಎಂದು ಹುಡುಕಿಕೊಂಡು ಹೊರಟವರಿಗೆ ಒಂದು ಅಚ್ಚರಿ ಕಾದಿದೆ. ಇವತ್ತಿನ ದಿನ ಬಹುಪಾಲು ಸರ್ವರ್‌ಗಳು ಮುಟ್ಟಿ ನೋಡಬಹುದಾದ ಪೆಟ್ಟಿಗೆಗಳೇ ಅಲ್ಲ.

ಒಂದು ಕಾಲಕ್ಕೆ ಪೆಟ್ಟಿಗೆಯೇ ಆಗಿತ್ತು. 2000ದ ಸುಮಾರಿಗೆ ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಅವರ ನೇತೃತ್ವದಲ್ಲಿ ‘ಭೂಮಿ’ ಯೋಜನೆ ರಾಜ್ಯದ 177 ತಾಲ್ಲೂಕುಗಳಿಗೆ ಹಬ್ಬಿತು. ಕೈಬರಹದ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಸೇರಿದವು. ಆಗ ಆಯಾ ತಾಲ್ಲೂಕಿನ ದಾಖಲೆ ಆಯಾ ತಾಲ್ಲೂಕು ಕಚೇರಿಯ ಸರ್ವರಿನಲ್ಲೇ ಇರುತ್ತಿತ್ತು. ಸತ್ತೇಗಾಲದ ರೈತನ ಪಹಣಿ ಎಂದರೆ ಕೊಳ್ಳೇಗಾಲದ ಕಚೇರಿ. ಪೆಟ್ಟಿಗೆ ಕೆಟ್ಟರೆ ಒಂದು ತಾಲ್ಲೂಕಿಗೆ ಮಾತ್ರ ತೊಂದರೆ. ಆಮೇಲೆ ದಾಖಲೆಗಳು ಬೆಂಗಳೂರಿನ ಡೇಟಾ ಸೆಂಟರ್ ಸೇರಿದವು. 2014ರಲ್ಲಿ ಕೇಂದ್ರ ಸರ್ಕಾರದ ‘ಮೇಘರಾಜ್’ ಕ್ಲೌಡ್ ಶುರುವಾಯಿತು. ಇಲಾಖೆಗೊಂದು ಪೆಟ್ಟಿಗೆ ಕೊಳ್ಳುವ ಪದ್ಧತಿ ಹಿಂದೆ ಸರಿದು, ದೊಡ್ಡ ಯಂತ್ರವೊಂದನ್ನು ಹಲವರು ಹಂಚಿಕೊಳ್ಳುವ ಕಾಲ ಬಂತು.

ಈ ಹಂಚಿಕೆಯ ಹೆಸರೇ ವರ್ಚುವಲೈಸೇಶನ್. ಯಂತ್ರದ ಮೇಲೆ ಹೈಪರ್‌ವೈಸರ್ ಎಂಬ ಪದರ ಕೂರುತ್ತದೆ. ಅದು ಪ್ರೊಸೆಸರ್, ಮೆಮೊರಿ, ಡಿಸ್ಕ್‌ಗಳನ್ನು ಪಾಲು ಮಾಡಿ, ಪ್ರತಿ ಪಾಲಿಗೂ ‘ನೀನೇ ಒಂದು ಪೂರ್ತಿ ಕಂಪ್ಯೂಟರ್’ ಎಂದು ನಂಬಿಸುತ್ತದೆ. ಆ ಪಾಲಿಗೆ ವರ್ಚುವಲ್ ಮಷೀನ್ ಎಂದು ಹೆಸರು, ಅದನ್ನು ಹೊತ್ತ ನಿಜವಾದ ಯಂತ್ರಕ್ಕೆ ಹೋಸ್ಟ್ ಎಂದು. ಐಬಿಎಂ 1972ರಲ್ಲೇ ವಿಎಂ/370 ಎಂಬ ಹೆಸರಿನಲ್ಲಿ ಇದನ್ನು ಮಾರುಕಟ್ಟೆಗೆ ತಂದಿತ್ತು. 1998ರಲ್ಲಿ ಹುಟ್ಟಿದ ವಿಎಂವೇರ್ ಕಂಪನಿ ಅದೇ ವಿದ್ಯೆಯನ್ನು ಸಾಮಾನ್ಯ ಸರ್ವರ್‌ಗಳಿಗೆ ಇಳಿಸಿತು. 2007ರಲ್ಲಿ ಕೆವಿಎಂ ಎಂಬ ಹೈಪರ್‌ವೈಸರ್ ಲಿನಕ್ಸಿನ ಒಳಗೇ ಸೇರಿಕೊಂಡಿತು.

ಸತ್ತೇಗಾಲದಿಂದ ಹೊಳೆ ದಾಟಿದರೆ ಶಿವನಸಮುದ್ರ. ಐಟಿ ವಿಭಾಗ ನೋಡಿಕೊಳ್ಳುವವರು ಒಮ್ಮೆ ಅಲ್ಲಿಗೆ ಹೋಗಬೇಕು, ಜಲಪಾತಕ್ಕಾಗಿ ಅಷ್ಟೇ ಅಲ್ಲ, ಇರುವುದನ್ನು ಹಲವರಿಗೆ ಹಂಚುವ ಲೆಕ್ಕ ಕಲಿಯಲಿಕ್ಕೂ. 1902ರ ಜೂನ್ 30ರಂದು ಅಲ್ಲಿನ ವಿದ್ಯುದಾಗಾರ ಚಾಲೂ ಆದಾಗ ಇದ್ದದ್ದು ತಲಾ 720 ಕಿಲೋವಾಟ್‌ನ ಆರು ಯಂತ್ರ. ಕರೆಂಟು ಮೊದಲು ಹೋದದ್ದು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ. ಬೆಂಗಳೂರಿನ ದೀಪ ಹೊತ್ತಿದ್ದು ಮೂರು ವರ್ಷದ ಮೇಲೆ, 1905ರ ಆಗಸ್ಟ್ 5ರಂದು. ಗಣಿಗೆ ಕೊಟ್ಟ ಮಾತು ಮೊದಲು, ಊರ ದೀಪ ಆಮೇಲೆ. ಬೇಡಿಕೆ ಏರುತ್ತಾ ಹೋಯಿತು, ಯಂತ್ರಗಳನ್ನೂ ಸೇರಿಸಿದರು. ಆದರೆ ಬೇಸಿಗೆಯ ಕಾವೇರಿಯಲ್ಲಿ ಅಷ್ಟು ನೀರಿರಲಿಲ್ಲ. 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಆರಂಭವಾಗಲು ಶಿವನಸಮುದ್ರಕ್ಕೆ ವರ್ಷವಿಡೀ ನೀರು ಸಿಗಬೇಕೆಂಬುದೂ ಒಂದು ಕಾರಣ.

ಡೇಟಾ ಸೆಂಟರಿನಲ್ಲೂ ಲೆಕ್ಕ ಇದೇ. 32 ಕೋರ್, 512 ಜಿಬಿ ಮೆಮೊರಿಯ ಒಂದು ಹೋಸ್ಟ್ ಇದೆ ಎನ್ನಿ. ಅದರ ಮೇಲೆ ತಲಾ 4 ಕೋರ್, 16 ಜಿಬಿ ಕೊಟ್ಟು 40 ವರ್ಚುವಲ್ ಮಷೀನ್ ಕೂರಿಸಿದರೆ ಮಾತು ಕೊಟ್ಟದ್ದು 160 ಕೋರ್, 640 ಜಿಬಿ. ಇರುವುದಕ್ಕಿಂತ ಹೆಚ್ಚು ಕೊಟ್ಟಾಯಿತು. ಇದು ಮೋಸವಲ್ಲ. ಎಲ್ಲರೂ ಒಂದೇ ಹೊತ್ತಿಗೆ ತೂಬು ತೆಗೆಯುವುದಿಲ್ಲ ಎಂಬ ಅಂದಾಜಿನ ಮೇಲೆ ಈ ತಂತ್ರಜ್ಞಾನದ ಉಳಿತಾಯವೆಲ್ಲ ನಿಂತಿದೆ. ತೂಬುಗಳೆಲ್ಲ ಒಟ್ಟಿಗೇ ತೆರೆದ ದಿನ ಮಾತ್ರ ನಿರ್ವಾಹಕರ ಕೈಗುಣ ಗೊತ್ತಾಗುತ್ತದೆ. ಮೊದಲು ಹೈಪರ್‌ವೈಸರ್ ಒಂದು ಮಷೀನಿನ ಒಳಗೆ ‘ಬಲೂನ್’ ಉಬ್ಬಿಸಿ, ಬಳಕೆಯಾಗದ ಮೆಮೊರಿಯನ್ನು ವಾಪಸ್ ಕಿತ್ತುಕೊಳ್ಳುತ್ತದೆ. ಅದೂ ಸಾಲದಾದರೆ ಮೆಮೊರಿಯಲ್ಲಿದ್ದದ್ದನ್ನು ಡಿಸ್ಕಿಗೆ ತಳ್ಳುತ್ತದೆ. ಅಲ್ಲಿಗೆ ಎಲ್ಲವೂ ಆಮೆ ನಡಿಗೆ.

ಇನ್ನೊಂದು ಕಾಯಿಲೆ ಕಣ್ಣಿಗೇ ಬೀಳುವುದಿಲ್ಲ. ಮಷೀನಿನ ಒಳಗೆ ಲಾಗಿನ್ ಆಗಿ ನೋಡಿದರೆ ಸಿಪಿಯು ಬಳಕೆ ಶೇ 40 ಎಂದೇ ತೋರಿಸುತ್ತಿರುತ್ತದೆ, ಆದರೂ ಕೆಲಸ ತೆವಳುತ್ತದೆ. ಆ ಮಷೀನು ನಿಜವಾದ ಕೋರ್ ಸಿಗಲೆಂದು ಹೊರಗಿನ ಸರದಿಯಲ್ಲಿ ಕಾಯುತ್ತಿರುತ್ತದೆ. ಈ ಕಾಯುವ ಹೊತ್ತಿಗೆ ‘ಸಿಪಿಯು ರೆಡಿ’ ಎಂದು ಹೆಸರು. ಅದು ಕಾಣುವುದು ಹೋಸ್ಟ್ ಕಡೆಯಿಂದ ನೋಡುವವರಿಗೆ. ಇಂಥ ಕಡೆ ಇನ್ನೂ ನಾಲ್ಕು ಕೋರ್ ಕೊಡುವುದು ಬೆಂಕಿಗೆ ತುಪ್ಪ ಸುರಿದಂತೆ: ಸರದಿ ಇನ್ನಷ್ಟು ಉದ್ದವಾಗುತ್ತದೆ. ಕೋರ್ ಕಡಿಮೆ ಮಾಡಿದಾಗ ಮಷೀನು ಚುರುಕಾಗುವುದನ್ನು ಕಣ್ಣಾರೆ ಕಂಡವರು ಮತ್ತೆ ಸುಮ್ಮನೆ ಕೋರ್ ಹಂಚುವುದಿಲ್ಲ.

ಹಾಗಾಗಿ ಗಣಿಗೆ ಕೊಟ್ಟಂಥ ಮಾತು ಇಲ್ಲೂ ಬೇಕು. ಯಾವುದು ನಿಲ್ಲಲೇಬಾರದೋ ಅದಕ್ಕೆ ರಿಸರ್ವೇಶನ್ ಇಡಬೇಕು, ಉಳಿದವುಗಳಿಗೆ ಮಿತಿ ಹಾಕಬೇಕು. ನಾಲ್ಕು ಹೋಸ್ಟ್ ಇದ್ದರೆ ಮೂರರಷ್ಟು ಭಾರ ಮಾತ್ರ ಹೇರಬೇಕು, ಒಂದು ಕೆಟ್ಟರೂ ಉಳಿದ ಮೂರು ಹೊರುವಂತಿರಬೇಕು. ನಾಲ್ಕನ್ನೂ ತುಂಬಿಸಿ ‘ನಮ್ಮಲ್ಲಿ ಹೈ ಅವೈಲಬಿಲಿಟಿ ಇದೆ’ ಎನ್ನುವುದು ಸುಳ್ಳು.

ಈ ವಿದ್ಯೆಯ ಸೊಗಸು ನೋಡಬೇಕಾದರೆ ನಡೆಯುತ್ತಿರುವ ಮಷೀನನ್ನು ಒಂದು ಹೋಸ್ಟ್‌ನಿಂದ ಇನ್ನೊಂದಕ್ಕೆ ಸಾಗಿಸುವಾಗ ನೋಡಬೇಕು. ವಿಎಂವೇರ್ 2003ರಲ್ಲಿ ತಂದ ವಿಮೋಶನ್ ಇದನ್ನೇ ಮಾಡುತ್ತದೆ. ಮಷೀನು ಕೆಲಸ ಮಾಡುತ್ತಿರುವಾಗಲೇ ಅದರ ಮೆಮೊರಿಯ ನಕಲು ಆಚೆ ಹೋಗುತ್ತದೆ. ಅಷ್ಟರಲ್ಲಿ ಬದಲಾದ ಪುಟಗಳು ಮತ್ತೆ ಹೋಗುತ್ತವೆ, ಮತ್ತೂ ಬದಲಾದವು ಮತ್ತೊಮ್ಮೆ. ಕೊನೆಗೆ ಉಳಿದ ಚೂರನ್ನು ಕಣ್ಣೆವೆ ಮುಚ್ಚಿ ತೆರೆಯುವಷ್ಟರಲ್ಲಿ ದಾಟಿಸಿ, ಆಚೆ ಕಡೆ ಎಬ್ಬಿಸುತ್ತದೆ. ಪಿಂಗ್ ಹಾಕಿಕೊಂಡು ಕೂತರೆ ಒಂದು ಸಾಲು ತಪ್ಪಬಹುದು, ಎಷ್ಟೋ ಸಲ ಅದೂ ತಪ್ಪುವುದಿಲ್ಲ. ಹಗಲು ಹೊತ್ತಿನಲ್ಲೇ, ಬಳಕೆದಾರರಿಗೆ ತಿಳಿಯದಂತೆ, ಹಳೆಯ ಹೋಸ್ಟ್ ಖಾಲಿ ಮಾಡಿ ರಿಪೇರಿಗೆ ಇಳಿಸಬಹುದು. ಎಷ್ಟು ಸಲ ನೋಡಿದರೂ ಬೇಸರ ಬರದ ಕೆಲಸವಿದು.

ಬೇಸರ ತರಿಸುವುದು ಕಸ. ಮಷೀನು ಹುಟ್ಟಿಸಲು ಐದು ನಿಮಿಷ ಸಾಕು, ದುಡ್ಡು ಕೊಟ್ಟಂತೆ ಕಾಣುವುದೂ ಇಲ್ಲ. ‘ಟೆಸ್ಟ್-2’, ‘ಟೆಸ್ಟ್-2-ಹೊಸದು’, ‘ತೆಗೆಯಬೇಡಿ’ ಎಂಬ ಹೆಸರಿನವು ಪಟ್ಟಿಯಲ್ಲಿ ವರ್ಷಗಟ್ಟಲೆ ಉಳಿಯುತ್ತವೆ. ಅವನ್ನು ಕೇಳಿ ಪಡೆದವರು ಕೆಲಸ ಬಿಟ್ಟು ಹೋಗಿರುತ್ತಾರೆ. ಸ್ನ್ಯಾಪ್‌ಶಾಟ್ ಇನ್ನೂ ಅಪಾಯಕಾರಿ. ಅಪ್‌ಡೇಟ್‌ಗೆ ಮುಂಚೆ ತೆಗೆದಿಟ್ಟ ಸ್ನ್ಯಾಪ್‌ಶಾಟ್ ಬ್ಯಾಕಪ್ ಅಲ್ಲ. ಅದಾದ ಮೇಲೆ ಬರೆದದ್ದೆಲ್ಲ ಬೇರೊಂದು ಫೈಲಿಗೆ ಹೋಗುತ್ತದೆ, ಆ ಫೈಲು ಬೆಳೆಯುತ್ತಲೇ ಹೋಗಿ ಒಂದು ರಾತ್ರಿ ಸ್ಟೋರೇಜ್ ತುಂಬುತ್ತದೆ. ಆಗ ಆ ಸ್ಟೋರೇಜಿನ ಮೇಲಿದ್ದ ನೆರೆಯ ಮಷೀನುಗಳಿಗೂ ಕುತ್ತು. ಒಂದು ಸ್ನ್ಯಾಪ್‌ಶಾಟನ್ನು 72 ಗಂಟೆಗಿಂತ ಹೆಚ್ಚು ಇಡಬೇಡಿ ಎಂದು ವಿಎಂವೇರ್ ತಾನೇ ಹೇಳಿದೆ. ಅದನ್ನು ಪಾಲಿಸುವವರು ಕಡಿಮೆ.

ಅಸಡ್ಡೆಗೆ ತೆತ್ತ ಬೆಲೆ ದೊಡ್ಡದು. ವಿಎಂವೇರ್‌ನ ಹೈಪರ್‌ವೈಸರ್ ಆದ ಇಎಸ್‌ಎಕ್ಸ್‌ಐನಲ್ಲಿದ್ದ ಒಂದು ತೂತಿಗೆ 2021ರ ಫೆಬ್ರುವರಿಯಲ್ಲೇ ತೇಪೆ ಬಂದಿತ್ತು. ಹಾಕದೆ ಬಿಟ್ಟವರ ಸಾವಿರಾರು ಹೋಸ್ಟ್‌ಗಳ ಮೇಲೆ 2023ರ ಫೆಬ್ರುವರಿಯಲ್ಲಿ ‘ಇಎಸ್‌ಎಕ್ಸ್‌ಐ ಆರ್ಗ್ಸ್’ ಎಂಬ ಸುಲಿಗೆ ತಂತ್ರಾಂಶ ಬಿತ್ತು. ಒಂದು ಹೋಸ್ಟ್‌ಗೆ ಬೀಗ ಬಿದ್ದರೆ ಅದರ ಮೇಲಿದ್ದ ಅಷ್ಟೂ ಮಷೀನುಗಳಿಗೆ ಬೀಗ. ಅದೇ ವರ್ಷದ ನವೆಂಬರಿನಲ್ಲಿ ಬ್ರಾಡ್‌ಕಾಮ್ ವಿಎಂವೇರನ್ನು ಕೊಂಡಿತು, ಡಿಸೆಂಬರಿನಲ್ಲಿ ಒಮ್ಮೆ ಕೊಂಡರೆ ಸದಾ ನಡೆಯುವ ಲೈಸೆನ್ಸ್ ಮಾರಾಟ ನಿಲ್ಲಿಸಿತು. ಈಗ ಕೋರ್ ಲೆಕ್ಕದಲ್ಲಿ ಚಂದಾ. ಹಲವರು ಕೆವಿಎಂ ಆಧಾರಿತ ವ್ಯವಸ್ಥೆಗಳ ಕಡೆ, ಬೆಂಗಳೂರಿನಲ್ಲೂ ದೊಡ್ಡ ಕಚೇರಿಯಿರುವ ನ್ಯೂಟಾನಿಕ್ಸ್ ಕಡೆ ಮುಖ ಮಾಡಿದ್ದಾರೆ. ಬದಲಾಯಿಸುವ ಮೊದಲು ಪಟ್ಟಿ ಶುಚಿ ಮಾಡಿಕೊಳ್ಳುವುದು ಒಳ್ಳೆಯದು. ಕಸವನ್ನೂ ಗಾಡಿಗೆ ಹೇರಿಕೊಂಡು ಹೊಸ ಮನೆಗೆ ಹೋಗುವವರೇ ಹೆಚ್ಚು.

ಸರ್ವರ್‌ಗಳ ಉಸ್ತುವಾರಿ ಹೊತ್ತವರು ಈ ಶನಿವಾರ ಎರಡು ಕೆಲಸ ಮಾಡಲಿ. ಪ್ರತಿ ಮಷೀನಿನ ಮುಂದೆ ಅದರ ಹೊಣೆಗಾರರ ಹೆಸರು, ತೆಗೆಯುವ ದಿನಾಂಕ ಬರೆಯಲಿ. ಯಾವುದಾದರೂ ಒಂದು ಮಷೀನನ್ನು ಬ್ಯಾಕಪ್‌ನಿಂದ ನಿಜವಾಗಿ ಎಬ್ಬಿಸಿ, ಅದು ಎದ್ದು ನಿಲ್ಲಲು ಎಷ್ಟು ಹೊತ್ತು ಹಿಡಿಯಿತೆಂದು ಗಡಿಯಾರ ನೋಡಿ ಗುರುತು ಹಾಕಿಕೊಳ್ಳಲಿ. ‘ಸರ್ವರ್ ಇಲ್ಲ’ ಎನ್ನಿಸಿಕೊಂಡು ಸತ್ತೇಗಾಲದ ಹ್ಯಾಂಡ್‌ಪೋಸ್ಟಿನಲ್ಲಿ ವಾಪಸ್ ಬಸ್ಸಿಗೆ ನಿಂತವರು ಅಷ್ಟು ಹೊತ್ತು ಕಾಯಬೇಕಾಗುತ್ತದೆ.