ನಂಬರ್ ಗುಂಡಿ ಇಲ್ಲದ ರಿಮೋಟು

ಸಿಂದಗಿಯ ನಮ್ಮ ಮನೆಯ ಪಡಸಾಲೆ ಗೋಡೆ ಎರಡು ಅಡಿ ದಪ್ಪ. ಕಲ್ಲು-ಮಣ್ಣಿನ ಆ ಗೋಡೆಯಲ್ಲೊಂದು ಮಾಡ. ಕಂದೀಲು ಇಡುತ್ತಿದ್ದ ಜಾಗಕ್ಕೆ ರೇಡಿಯೊ ಬಂತು, ರೇಡಿಯೊ ಹೋಗಿ 14 ಇಂಚಿನ ಕಪ್ಪು-ಬಿಳುಪು ಟಿವಿ ಬಂತು. ಈಗ 43 ಇಂಚಿನ ಸ್ಮಾರ್ಟ್ ಟಿವಿ ಆ ಮಾಡವನ್ನೇ ಮುಚ್ಚಿಕೊಂಡು ನಿಂತಿದೆ. ಗೋಡೆಗೆ ತೂಗುಹಾಕಲು ಬಂದ ಹುಡುಗ ಡ್ರಿಲ್ ಹಚ್ಚಿದ. ಬುಟ್ಟಿ ತುಂಬ ಮಣ್ಣು ಸುರಿಯಿತೇ ಹೊರತು ಸ್ಕ್ರೂ ಹಿಡಿಯಲಿಲ್ಲ. ಕೊನೆಗೆ ಟ್ರಂಕಿನ ಮೇಲೆ ಹಳೆಯ ಕೌದಿ ಹಾಸಿ ಅದನ್ನು ಕೂಡಿಸಿದೆವು.

ಅವ್ವನಿಗೆ ಓದು ಬರುವುದಿಲ್ಲ, ಅಂಕಿ ಬರುತ್ತವೆ. ನೋಟು ಎಣಿಸುತ್ತಾಳೆ, ತೊಗರಿ ಚೀಲದ ತೂಕವನ್ನು ಬಾಯಲ್ಲೇ ಕೂಡಿಸುತ್ತಾಳೆ. ಧಾರಾವಾಹಿಯ ಚಾನೆಲ್ಲು, ಸುದ್ದಿಯದು, ಹಳೆ ಸಿನಿಮಾದ್ದು ಹೀಗೆ ನಾಲ್ಕೈದು ನಂಬರು ಅವಳ ಹೆಬ್ಬೆರಳಿಗೇ ಗೊತ್ತಿದ್ದವು. ಹೊಸ ಟಿವಿಯ ರಿಮೋಟಿನಲ್ಲಿ ಅಂಕಿಗಳೇ ಇಲ್ಲ. ಒಂದು ಉಂಗುರ, ಒಂದು ಮನೆಯ ಚಿತ್ರ, ಒಂದು ಮೈಕಿನ ಚಿತ್ರ, ಕೆಳಗೆ ನಾಲ್ಕು ಕಂಪನಿಗಳ ಇಂಗ್ಲಿಷ್ ಹೆಸರು. ಆ ನಾಲ್ಕರಲ್ಲಿ ಒಂದಕ್ಕೂ ನಾವು ಚಂದಾ ಕಟ್ಟಿಲ್ಲ. ಸೆಟ್ ಟಾಪ್ ಬಾಕ್ಸಿನ ಹಳೆ ರಿಮೋಟು ಇದ್ದೇ ಇದೆ, ಅದರಲ್ಲಿ ನಂಬರೂ ಇವೆ. ಆದರೆ ಅದು ಕೆಲಸಕ್ಕೆ ಬರಬೇಕಾದರೆ ಮೊದಲು ಈ ಹೊಸ ರಿಮೋಟಿನಿಂದ ‘ಎಚ್‌ಡಿಎಂಐ 1’ ಎಂಬಲ್ಲಿಗೆ ಹೋಗಬೇಕು. ಮೊಮ್ಮಗ ರಾತ್ರಿ ಯೂಟ್ಯೂಬ್ ನೋಡಿ ಬಂದ್ ಮಾಡಿದ್ದರೆ ಮರುದಿನ ಹಚ್ಚಿದಾಗ ಕಾಣುವುದು ಸಂತೆಯ ಸಾಲಿನಂಥ ಮುಖಪುಟ. ‘ಒಂದೀಟ ಹಚ್ಚಿಕೊಡೊ’ ಎಂದು ಅವ್ವ ಒಂದು ತಿಂಗಳು ಕೇಳಿದಳು. ಆಮೇಲೆ ಕೇಳುವುದನ್ನು ಬಿಟ್ಟು, ಮಧ್ಯಾಹ್ನ ಪಕ್ಕದ ಮನೆಗೆ ಹೋಗಿ ಅವರ ಹಳೆಯ ಡಬ್ಬಿ ಟಿವಿ ನೋಡತೊಡಗಿದಳು.

ಸ್ಮಾರ್ಟ್ ಟಿವಿ ಕೊಳ್ಳಬೇಕೆ, ಕೊಳ್ಳುವುದಾದರೆ ಯಾವಾಗ ಎಂದು ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಯಾವ ಅಂಗಡಿಯಲ್ಲಿ ಕೇಳಿದರೂ ಉತ್ತರ ಇಂಚಿನಲ್ಲಿ ಬರುತ್ತದೆ, ಇಲ್ಲವೇ ಕಂತಿನಲ್ಲಿ. ಹಗಲೆಲ್ಲ ಮನೆಯಲ್ಲಿ ಇರುವವರು ಯಾರು, ಅವರ ಕೈಗೆ ಇದು ಒಗ್ಗುತ್ತದೆಯೇ ಎಂದು ಯಾರೂ ಕೇಳುವುದಿಲ್ಲ. ನಾನೂ ಕೇಳಿರಲಿಲ್ಲ.

ಸೋಜಿಗವೆಂದರೆ ನಮ್ಮ ಜಿಲ್ಲೆಯ ಹಳ್ಳಿಗಳಿಗೆ ಟಿವಿ ಮೊದಲು ಬಂದದ್ದು ಯಾರೂ ಕೊಳ್ಳದೆಯೇ. 1975ರ ಆಗಸ್ಟ್ 1ರಿಂದ ಒಂದು ವರ್ಷ ‘ಸೈಟ್’ ಎಂಬ ಪ್ರಯೋಗ ನಡೆಯಿತು. ಅಮೆರಿಕದ ಎಟಿಎಸ್-6 ಉಪಗ್ರಹವನ್ನು ಎರವಲು ಪಡೆದು ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ನೇರವಾಗಿ ಚಿತ್ರ ಕಳಿಸಿದರು. ಕರ್ನಾಟಕದಲ್ಲಿ ಆರಿಸಿದ್ದು ನಮ್ಮ ಬಿಜಾಪುರ (ಈಗಿನ ವಿಜಯಪುರ), ಗುಲ್ಬರ್ಗಾ, ರಾಯಚೂರು ಜಿಲ್ಲೆಗಳನ್ನು. ಕೋಳಿ ಜಾಲರಿಯ ತಂತಿಬಲೆಯಿಂದ ಮಾಡಿದ ಹತ್ತಡಿ ಅಗಲದ ತಟ್ಟೆ, ಊರಿಗೊಂದು ಟಿವಿ, ಅದನ್ನು ಹಚ್ಚಿ ಆರಿಸಲು ಒಬ್ಬ ಮನುಷ್ಯ. ಬೆಳಿಗ್ಗೆ ಶಾಲೆಯ ಮಕ್ಕಳಿಗೆ ಪಾಠ. ಸಂಜೆ ಊರಿನವರಿಗೆಲ್ಲ ಕನ್ನಡದಲ್ಲಿ ಒಕ್ಕಲುತನ, ಆರೋಗ್ಯ. ಜೊತೆಗೆ ದೇಶಕ್ಕೆಲ್ಲ ಒಂದೇ ಆದ ಅರ್ಧ ತಾಸಿನ ಹಿಂದಿ ಕಾರ್ಯಕ್ರಮ. ವರ್ಷ ತುಂಬಿದ ಮೇಲೆ ಅಮೆರಿಕದವರು ತಮ್ಮ ಉಪಗ್ರಹವನ್ನು ತಿರುಗಿ ಒಯ್ದರು. ಆ ಪ್ರಯೋಗದ ಹಿಂದೆಯೇ 1977ರಲ್ಲಿ ಗುಲ್ಬರ್ಗಾಕ್ಕೆ ದೂರದರ್ಶನ ಕೇಂದ್ರ ಬಂತು. ಊರಿಗೊಂದರಂತೆ ಇದ್ದ ಆ ಟಿವಿಯಲ್ಲಿ ಏನು ಬರಬೇಕೆಂದು ಊರಿನ ಯಾರೂ ಆರಿಸುವಂತಿರಲಿಲ್ಲ. ಆದರೆ ಓದು ಬಾರದ ಮುದುಕಿಯೂ ಜಗಲಿಯ ಮೇಲೆ ಕೂತು ನೋಡಬಹುದಿತ್ತು, ಹಚ್ಚುವವನೊಬ್ಬ ಇದ್ದೇ ಇದ್ದುದರಿಂದ ಅದಕ್ಕೆ ಮನೆಯವರ ಕೈ ಕಾಯಬೇಕಿರಲಿಲ್ಲ. ಐವತ್ತು ವರ್ಷದ ಮೇಲೆ ಆರಿಸಲು ಲಕ್ಷಾಂತರ ವಿಡಿಯೊ ಬಂದಿವೆ, ಅಂಥದೇ ಮುದುಕಿ ಹಚ್ಚಿಕೊಡುವ ಮೊಮ್ಮಗನಿಗಾಗಿ ಶಾಲೆ ಬಿಡುವ ಗಂಟೆ ಕಾಯುತ್ತಾಳೆ.

ಹಾಗಂತ ಇದನ್ನು ಬರೀ ಬೈದು ಕೈತೊಳೆದುಕೊಳ್ಳುವಂತಿಲ್ಲ. ಕೇಬಲ್ಲು ಕೊಡದ ಕನ್ನಡವನ್ನು ಯೂಟ್ಯೂಬ್ ಕೊಟ್ಟಿದೆ. ಡೊಳ್ಳಿನ ಪದ, ಗೀಗೀ ಪದ, ಸಣ್ಣಾಟ, ರಾತ್ರಿಯಿಡೀ ನಡೆದ ದೊಡ್ಡಾಟದ ಪೂರ್ತಿ ದಾಖಲೆ ಯಾವ ಚಾನೆಲ್ಲಿನಲ್ಲೂ ಸಿಗುತ್ತಿರಲಿಲ್ಲ. ಇಂಡಿ ಕಡೆಯ ಲಿಂಬೆ ತೋಟದವರು ಗಿಡಕ್ಕೆ ಕಜ್ಜಿ ರೋಗ ಬಂದಾಗ ಮೊದಲು ನೋಡುವುದು ಯಾವುದೋ ರೈತ ತನ್ನ ಹೊಲದಲ್ಲೇ ನಿಂತು ಮಾಡಿದ ವಿಡಿಯೊವನ್ನು. ಫೋನಿನ ಅಂಗೈಯಗಲದ ಪರದೆಗಿಂತ ಗೋಡೆಯ ಮೇಲೆ ಎಲೆಯ ಚುಕ್ಕಿ ಸ್ಪಷ್ಟವಾಗಿ ಕಾಣುತ್ತದೆ, ಇದು ನಿಜ. 2023ರ ಜನವರಿ 2ರಂದು ವಿಜಯಪುರದ ಸಿದ್ಧೇಶ್ವರ ಸ್ವಾಮೀಜಿ ಲಿಂಗೈಕ್ಯರಾದ ಮೇಲೆ ಅವರ ಪ್ರವಚನ ಕೇಳಲು ಇರುವುದು ಧ್ವನಿಮುದ್ರಿಕೆ, ಇಲ್ಲವೇ ಯೂಟ್ಯೂಬು. ನಮ್ಮ ಓಣಿಯ ಎಷ್ಟೋ ಮನೆಗಳಲ್ಲಿ ಬೆಳಗಿನ ಚಹಾದ ಹೊತ್ತಿಗೆ ಅದೇ ದನಿ. ಅಂಗಿಗೆ ಜೇಬನ್ನೇ ಇಡಿಸದಿದ್ದ ಆ ಮನುಷ್ಯನನ್ನು ನಾವು ಹನ್ನೆರಡು ಕಂತಿನ ಟಿವಿಯಲ್ಲಿ ನೋಡುತ್ತೇವೆ. ಇರಲಿ.

ನನ್ನ ತಕರಾರು ಇರುವುದು ‘ಸ್ಮಾರ್ಟ್’ ಎಂಬ ಮಾತಿನ ಬಗ್ಗೆ. ಒಂದೇ ಪೆಟ್ಟಿಗೆಯಲ್ಲಿ ನಮಗೆ ಎರಡು ಸಾಮಾನು ಮಾರುತ್ತಾರೆ. ಒಂದು ಪರದೆ. ಅದು ಸಿಡಿಲು, ಚೆಂಡು, ಮಕ್ಕಳ ಕೈ ತಪ್ಪಿಸಿಕೊಂಡರೆ ಎಂಟು-ಹತ್ತು ವರ್ಷ ಬಾಳುತ್ತದೆ. ಇನ್ನೊಂದು ಅದರ ಹಿಂದಿರುವ ಚಿಕ್ಕ ಕಂಪ್ಯೂಟರು. ಅಗ್ಗದ 32 ಇಂಚಿನ ಟಿವಿಗಳಲ್ಲಿ ಈಗಲೂ 1 ಜಿಬಿ ರ‍್ಯಾಮ್, 8 ಜಿಬಿ ಸ್ಟೋರೇಜು ಸಾಮಾನ್ಯ. ಅಷ್ಟು ಕಡಿಮೆಯ ಫೋನನ್ನು ಇಂದು ಕಾಲೇಜಿಗೆ ಹೋಗುವ ಹುಡುಗ ಮುಟ್ಟುವುದೂ ಇಲ್ಲ. ಮೂರನೆಯ ವರ್ಷಕ್ಕೆ ಆಪ್‌ಗಳು ದಪ್ಪಗಾಗುತ್ತವೆ, ಟಿವಿ ತೆಳ್ಳಗೇ ಉಳಿಯುತ್ತದೆ. ಗುಂಡಿ ಒತ್ತಿ, ಎದ್ದು ಹೋಗಿ ದನಕ್ಕೆ ನೀರಿಟ್ಟು ಬಂದರೂ ಚಕ್ರ ತಿರುಗುತ್ತಲೇ ಇರುತ್ತದೆ. ದೊಡ್ಡ ಕಂಪನಿಯದು ಕೊಂಡರೂ ಈ ಪಾಡು ತಪ್ಪಿದ್ದಲ್ಲ: 2019ರ ಡಿಸೆಂಬರಿನಲ್ಲಿ ಸ್ಯಾಮ್ಸಂಗಿನ 2010-11ರ ಕೆಲವು ಮಾದರಿಗಳಲ್ಲಿ ನೆಟ್‌ಫ್ಲಿಕ್ಸ್ ನಿಂತೇಹೋಯಿತು. ಪರದೆಗೆ ಏನೂ ಆಗಿರಲಿಲ್ಲ.

ಆದ್ದರಿಂದ ಮನೆಯಲ್ಲಿರುವ ಎಲ್ಇಡಿ ಟಿವಿಗೆ ಎಚ್‌ಡಿಎಂಐ ತೂತು ಇದ್ದರೆ, ಮೂರು-ನಾಲ್ಕು ಸಾವಿರದ ‘ಸ್ಟ್ರೀಮಿಂಗ್ ಸ್ಟಿಕ್’ ಎಂಬ ಒಂದು ಕಡ್ಡಿ ಚುಚ್ಚಿದರೆ ಸಾಕು, ಅದೂ ಸ್ಮಾರ್ಟ್ ಆಗುತ್ತದೆ. ಕಡ್ಡಿ ಹಳತಾದರೆ ಕಿತ್ತು ಇನ್ನೊಂದು ಚುಚ್ಚಬಹುದು. ಅಂಗಡಿಯವರು ಇದನ್ನು ತಾವಾಗಿ ಹೇಳುವುದಿಲ್ಲ. ಕೇಳಿದರೆ ‘ಅದೆಲ್ಲ ಬ್ಯಾಡ್ರಿ ಸರ, ಪಿಕ್ಚರ್ ಛಲೋ ಬರೂದಿಲ್ಲ’ ಅನ್ನುತ್ತಾರೆ. ಪಿಕ್ಚರಿನ ವಿಷಯಕ್ಕೆ ಬಂದರೆ ಪೆಟ್ಟು ತಿನ್ನುವುದು ದೊಡ್ಡ ಟಿವಿಯೇ. ನಮ್ಮಲ್ಲಿ ಹೆಚ್ಚು ನೋಡುವುದು ಕೇಬಲ್ಲಿನ ಸಾದಾ ಚಾನೆಲ್ಲು. ಎಚ್‌ಡಿಗೆ ಬೇರೆ ದುಡ್ಡು. ಸಾದಾ ಚಾನೆಲ್ಲಿನ ಚಿತ್ರದಲ್ಲಿ ಇರುವುದೇ 576 ಗೆರೆ, 4ಕೆ ಪರದೆಯಲ್ಲಿ 2,160. ಅಂಗೈಯಗಲದ ರೊಟ್ಟಿ ಹಿಟ್ಟನ್ನು ಹಂಚಿನಗಲ ತಟ್ಟಿದ ಹಾಗೆ, ನಡುವೆ ಹರಿಯುತ್ತದೆ. 55 ಇಂಚಿನಲ್ಲಿ ಧಾರಾವಾಹಿಯ ಅತ್ತೆಯ ಮುಖ ನೀರಲ್ಲಿ ಅದ್ದಿದಂತೆ ಕಾಣುತ್ತದೆ. ಹತ್ತಡಿ ಅಗಲದ ಪಡಸಾಲೆಗೆ, ಕೇಬಲ್ಲೇ ಮುಖ್ಯ ಎನ್ನುವ ಮನೆಗೆ 32 ಇಂಚು ಬಡತನದ ಲಕ್ಷಣವಲ್ಲ.

ನೆಟ್ಟಿನ ಲೆಕ್ಕವೂ ಹೀಗೇ. ತಾಲ್ಲೂಕು ಊರುಗಳಿಗೆ ಫೈಬರ್ ಬಂದಿದೆ, ಹಳ್ಳಿಗಳಲ್ಲಿ ಫೋನಿನ ಹಾಟ್‌ಸ್ಪಾಟೇ ಗತಿ. ಎಚ್‌ಡಿ ಚಿತ್ರಕ್ಕೆ ತಾಸಿಗೆ 3 ಜಿಬಿವರೆಗೂ ಬೇಕು. ದಿನಕ್ಕೆ 1.5 ಜಿಬಿಯ ಪ್ಲಾನಿನವರಿಗೆ ಅರ್ಧ ತಾಸಿನಲ್ಲೇ ಮಂಗಳಾರತಿ. 5ಜಿ ಸಿಗುವ ಊರಲ್ಲಿ ಮಾತು ಬೇರೆ. ಮಗನ ಫೋನು ಮಗನ ಜೊತೆ ಹೊಲಕ್ಕೆ ಹೋದರೆ ಮನೆಯ ಟಿವಿಯ ಬುದ್ಧಿಯೂ ಅವನ ಜೇಬಿನಲ್ಲೇ ಹೊಲಕ್ಕೆ ಹೋಗುತ್ತದೆ ಎಂಬುದನ್ನು ಮಾತ್ರ ಮರೆಯಬಾರದು.

ಕರೆಂಟಿನ ಬಗ್ಗೆ ಒಂದೆರಡು ಮಾತು. ಕೂಡಗಿಯಲ್ಲಿ 2,400 ಮೆಗಾವ್ಯಾಟಿನ ಸ್ಥಾವರ, ಆಲಮಟ್ಟಿಯಲ್ಲಿ 290 ಮೆಗಾವ್ಯಾಟಿನದು, ಎರಡೂ ಹಿಂದಿನ ಬಸವನ ಬಾಗೇವಾಡಿ ತಾಲ್ಲೂಕಿನವೇ. ಆದರೂ ರೋಹಿಣಿ ಮಳೆಯ ಮೊದಲ ಗಾಳಿಗೆ ನಮ್ಮಲ್ಲಿ ಕರೆಂಟು ಹೋಗಿ ಬಂದು ಆಟವಾಡುತ್ತದೆ. ಸ್ಟೆಬಿಲೈಸರ್ ಇಟ್ಟರೂ ಸಿಡಿಲು ಡಿಶ್ಶಿನ ವಾಯರಿನಿಂದ ಬಂದು ಎಚ್‌ಡಿಎಂಐ ತೂತನ್ನು ಸುಡುತ್ತದೆ. ಮೋಡ ಕಟ್ಟಿದ ಕೂಡಲೇ, ಗುಡುಗು ಶುರುವಾಗುವ ಮೊದಲೇ ಪ್ಲಗ್ಗಿನ ಜೊತೆ ಡಿಶ್ಶಿನ ವಾಯರನ್ನೂ ಕೀಳಬೇಕು. ಪ್ಯಾನೆಲ್ ಒಡೆದರೆ ಸಾಮಾನ್ಯವಾಗಿ ವಾರಂಟಿ ಇಲ್ಲ, ಹೊಸದು ಹಾಕಿಸುವ ಖರ್ಚು ಟಿವಿಯ ಬೆಲೆಯ ಹತ್ತಿರ ಹೋಗುತ್ತದೆ. ಬಿಲ್ಲು? 43 ಇಂಚಿನದು 80 ವ್ಯಾಟ್ ಎಂದು ಹಿಡಿದು ದಿನಕ್ಕೆ ಐದು ತಾಸು ನೋಡಿದರೆ ತಿಂಗಳಿಗೆ 12 ಯೂನಿಟ್ಟು. ರಾಜ್ಯ ಸರ್ಕಾರದ ಗೃಹಜ್ಯೋತಿ ಯೋಜನೆಯಲ್ಲಿ ಎಲ್ಲರಿಗೂ 200 ಯೂನಿಟ್ ಪುಕ್ಕಟೆ ಎಂದು ತಿಳಿದವರು ಬಹಳ. ಪ್ರತಿ ಮನೆಗೂ ಅದರ ಹಿಂದಿನ ಸರಾಸರಿಯ ಮೇಲೆ ಸ್ವಲ್ಪ ಸೇರಿಸಿ ಕಟ್ಟಿದ ಮಿತಿ ಇದೆ. ಈ ಹನ್ನೆರಡು ಅದನ್ನು ದಾಟಿಸಲೂಬಹುದು.

ಇನ್ನು ‘ಯಾವಾಗ’. 2025ರ ಸೆಪ್ಟೆಂಬರ್ 22ರ ಘಟಸ್ಥಾಪನೆಯವರೆಗೆ 32 ಇಂಚಿಗಿಂತ ದೊಡ್ಡ ಟಿವಿಗೆ ಶೇ 28 ಜಿಎಸ್‌ಟಿ ಇತ್ತು, ಅಂದಿನಿಂದ ಶೇ 18. ಮೂಲ ಬೆಲೆ 20,000 ರೂಪಾಯಿ ಇದ್ದರೆ 25,600ಕ್ಕೆ ಸಿಗುತ್ತಿದ್ದುದು 23,600ಕ್ಕೆ ಇಳಿಯಿತು. ಎರಡು ಸಾವಿರ, ಅಂದರೆ ಗೃಹಲಕ್ಷ್ಮಿ ಯೋಜನೆಯಲ್ಲಿ ಮನೆಯೊಡತಿಗೆ ಬರುವ ಒಂದು ತಿಂಗಳ ಹಣ. ಶ್ರಾವಣದಲ್ಲಿ ಅವಸರ ಮಾಡಿದ ನಮ್ಮಂಥವರು ಅದನ್ನು ಕಳೆದುಕೊಂಡೆವು. ಆದರೆ ಈ ಇಳಿಕೆಗೆ ಇನ್ನೊಂದು ಮಗ್ಗುಲಿದೆ. ಮೊದಲು ತೆರಿಗೆಯ ಭಯಕ್ಕಾದರೂ ಜನ 32ಕ್ಕೆ ನಿಲ್ಲುತ್ತಿದ್ದರು. ಈಗ ಆ ಒಡ್ಡು ಒಡೆದಿದೆ, ಅಂಗಡಿಯವನ ಕೈ ಸೀದಾ 43ರ ಕಡೆ, 55ರ ಕಡೆ ಚಾಚುತ್ತದೆ.

ಆ 23,600 ಅನ್ನು ಹೆಚ್ಚುಕಡಿಮೆ 24,000 ರೂಪಾಯಿ ಎಂದು ಹಿಡಿದರೆ ಗೃಹಲಕ್ಷ್ಮಿಯ ಹನ್ನೆರಡು ತಿಂಗಳು, ಅಥವಾ 2025-26ರ ಬೆಂಬಲ ಬೆಲೆ 8,000ದಂತೆ ಮೂರು ಕ್ವಿಂಟಲ್ ತೊಗರಿ. ದಸರೆ-ದೀಪಾವಳಿಯ ಆಫರು ಬರುವಾಗ ತೊಗರಿ ಇನ್ನೂ ಹೊಲದಲ್ಲಿ ಹೂ ಬಿಟ್ಟಿರುತ್ತದೆ. ರಾಶಿಯಾಗುವುದು ಎಳ್ಳ ಅಮಾವಾಸ್ಯೆಯ ಆಚೀಚೆ. ಲಿಂಬೆಯವರಿಗೆ ದುಡ್ಡು ಕಾಣುವುದು ಬೇಸಿಗೆಯಲ್ಲಿ. ಆ ನಡುವಿನ ಕಂದಕಕ್ಕೇ ಕಂತಿನ ಸೇತುವೆ ಕಟ್ಟುತ್ತಾರೆ. ‘ಝೀರೊ ಪರ್ಸೆಂಟ್ರಿ’ ಅನ್ನುವ ಮಾತಿಗೆ ಮರುಳಾಗಬಾರದು. ಶೂನ್ಯ ಬಡ್ಡಿ ಎಂಬುದೇ ಇಲ್ಲ ಎಂದು ರಿಸರ್ವ್ ಬ್ಯಾಂಕ್ 2013ರಲ್ಲೇ ಬ್ಯಾಂಕುಗಳಿಗೆ ಹೇಳಿತ್ತು. ಬಡ್ಡಿ ಫೈಲ್ ಚಾರ್ಜಿನಲ್ಲಿ ಇರುತ್ತದೆ, ಇಲ್ಲವೇ ನಗದು ಕೊಟ್ಟವನಿಗೆ ಸಿಗುವ, ನಿಮಗೆ ಸಿಗದ ರಿಯಾಯಿತಿಯಲ್ಲಿ. ಮುದ್ದೇಬಿಹಾಳದ ಕಡೆಯ ತಾಂಡಾಗಳಲ್ಲಿ ದೀಪಾವಳಿಗೆ ಟಿವಿ ತಂದು, ಹಬ್ಬ ಮುಗಿದದ್ದೇ ಕಬ್ಬು ಕಡಿಯಲು, ಕಟ್ಟಡದ ಕೆಲಸಕ್ಕೆ ಮನೆಗೆ ಬೀಗ ಹಾಕಿ ಹೋಗುವವರನ್ನು ನೋಡಿದ್ದೇನೆ. ಟಿವಿ ಕತ್ತಲಲ್ಲಿ ಕೂತಿರುತ್ತದೆ, ಕಂತು ಮಾತ್ರ ಪ್ರತಿ ತಿಂಗಳು ಖಾತೆಯನ್ನು ಕೆರೆಯುತ್ತದೆ. ಖಾತೆಯಲ್ಲಿ ಹಣ ಇಲ್ಲದಿದ್ದರೆ ಬೌನ್ಸ್ ದಂಡ ಬೇರೆ. ಅವರು ಟಿವಿ ಕೊಳ್ಳಬೇಕಾದದ್ದು ಊರಿಗೆ ತಿರುಗಿ ಬಂದ ಮೇಲೆ, ಕೈಯಲ್ಲಿ ರೊಕ್ಕ ಇದ್ದಾಗ. ಆದರೆ ಆಫರು ಯುಗಾದಿಯವರೆಗೆ ಕಾಯುವುದಿಲ್ಲ. ಮದುವೆಯ ಬಾಂಡೆ ಸಾಮಾನಿನ ಜೊತೆ ಬರುವ ಟಿವಿಯ ಕಥೆ ಇನ್ನೊಂದು: ಮೂರು ತಿಂಗಳು ಮೊದಲೇ ತಂದು ಪೆಟ್ಟಿಗೆ ಬಿಚ್ಚದೆ ಇಡುತ್ತಾರೆ, ವಾರಂಟಿ ಬಿಲ್ಲಿನ ತಾರೀಖಿನಿಂದಲೇ ಓಡುತ್ತಿರುತ್ತದೆ.

ನಮ್ಮ ಮನೆಯ ಸಂಗತಿಗೆ ಬರುತ್ತೇನೆ. ಟಿವಿ ಹಚ್ಚಿದ ಕೂಡಲೇ ಮುಖಪುಟಕ್ಕೆ ಹೋಗದೆ ನೇರ ಸೆಟ್ ಟಾಪ್ ಬಾಕ್ಸಿಗೆ ಹೋಗುವ ಹಾಗೆ ಮಾಡಬಹುದೆಂದು ಆರು ತಿಂಗಳ ಮೇಲೆ, ಸೆಟ್ಟಿಂಗ್ಸಿನ ನಾಲ್ಕನೆಯ ಪದರಿನಲ್ಲಿ ನನಗೆ ಸಿಕ್ಕಿತು. ಮಾರಿದವರಿಗೂ ಗೊತ್ತಿರಲಿಲ್ಲ. ಎಲ್ಲ ಟಿವಿಗಳಲ್ಲೂ ಅದು ಇರುವುದಿಲ್ಲ. ಕೊಳ್ಳುವ ಮೊದಲು ರ‍್ಯಾಮಿನ ಜೊತೆ ಇದನ್ನೂ ಕೇಳಿ. ಅವ್ವ ಈಗ ತಿರುಗಿ ಮನೆಯಲ್ಲೇ ನೋಡುತ್ತಾಳೆ, ಆದರೂ ಹೊಸ ರಿಮೋಟನ್ನು ಚೇಳು ಹಿಡಿದಂತೆ ಎರಡು ಬೆರಳಲ್ಲಿ ಹಿಡಿಯುತ್ತಾಳೆ.

ಅದಾದ ಮೇಲೆ ಬಸವನ ಬಾಗೇವಾಡಿಯಿಂದ ಚಿಗವ್ವನ ಮಗ ಫೋನ್ ಮಾಡಿದ. ‘ಅಣ್ಣಾ, 55 ಇಂಚಿಂದು ಆಫರ್ ಐತಿ, ತಗೊಳ್ಳೇನು?’

‘ಚಿಗವ್ವನ್ನ ಕರಕೊಂಡು ಅಂಗಡಿಗಿ ಬಾ. ನಾನೂ ಬರ್ತೀನಿ.’

ಅಂಗಡಿಯಲ್ಲಿ ಸಾಲಾಗಿ ಪರದೆಗಳು, ಎಲ್ಲದರಲ್ಲೂ ಯಾವುದೋ ಸಮುದ್ರದ ಬಣ್ಣದ ಮೀನುಗಳು. ‘ಮೀನ ಛಲೋ ಅದಾವ’ ಎಂದಳು ಚಿಗವ್ವ. ಆಮೇಲೆ ರಿಮೋಟು ಕೈಗೆ ತೆಗೆದುಕೊಂಡು ಹೆಬ್ಬೆರಳಿಂದ ಮೇಲಿಂದ ಕೆಳಗೆ ಸವರಿದಳು.

‘ಒಂಬತ್ತ ಎಲ್ಲೈತಪ್ಪಾ ಇದರಾಗ?’

‘ಬಾಯಿಲೇ ಹೇಳ್ರಿ ಅಮ್ಮಾ, ಅದ ಹುಡಕ್ತೈತಿ’ ಎಂದ ಹುಡುಗ, ಮೈಕಿನ ಗುಂಡಿ ತೋರಿಸಿ.

ಚಿಗವ್ವ ಅದನ್ನು ಬಾಯಿ ಹತ್ತಿರ ಒಯ್ದಳು, ಸುತ್ತ ನಿಂತವರನ್ನು ನೋಡಿದಳು, ಮೆಲ್ಲಗೆ ಕೆಳಗಿಟ್ಟಳು. ‘ಮಂದ್ಯಾಗ ಇದರ ಕೂಡ ಏನ್ ಮಾತಾಡೂದು.’

ಟಿವಿ ತರಲಿಲ್ಲ. ಹಿಂದಿನ ಓಣಿಯ ರಿಪೇರಿ ಅಂಗಡಿಯಲ್ಲಿ ಅವಳ ಹಳೆ ಸೆಟ್ ಟಾಪ್ ಬಾಕ್ಸಿಗೆ ಒಂದು ರಿಮೋಟು ಕೊಂಡೆವು, 150 ರೂಪಾಯಿ. ಮೊದಲು ಇದ್ದುದರಲ್ಲಿ ಒಂಬತ್ತರ ಗುಂಡಿ ಸವೆದು ಹೋಗಿತ್ತಂತೆ.