ಹಳೆಯ ತಟ್ಟೆಯ ಹೊಸ ಧ್ವನಿ

ಶಿಥಿಲವಾದ ಗುಡಿಯನ್ನು ಎತ್ತಿ ನಿಲ್ಲಿಸಿದವನಿಗೆ ಅದನ್ನು ಮೊದಲು ಕಟ್ಟಿಸಿದವನಿಗಿಂತಲೂ ಅಧಿಕವಾದ ಪುಣ್ಯವುಂಟೆಂದು ಹಿರಿಯರು ಹೇಳುವರು. ಆದರೆ ಜೀರ್ಣೋದ್ಧಾರವೆಂಬ ಹೆಸರಿನಿಂದ ಶಿಲಾಬಾಲಿಕೆಯ ಮೊಗಕ್ಕೆ ಸುಣ್ಣ ಬಳಿದವರೂ ಇಲ್ಲದಿಲ್ಲ. ಗ್ರಾಮಫೋನ್ ತಟ್ಟೆಗಳಲ್ಲಿ ಉಳಿದುಬಂದಿರುವ ಪಾಶ್ಚಾತ್ಯ ಸಂಗೀತವನ್ನು ಈಗಿನ ಸೂಕ್ಷ್ಮಯಂತ್ರಗಳಿಗೆ ಒಪ್ಪುವಂತೆ ಸಂಸ್ಕರಿಸುವ ಕಾರ್ಯವು, ಅಂದರೆ ರಿಮಾಸ್ಟರಿಂಗ್ ಎಂಬ ಈ ಉದ್ಯೋಗವು, ಅದೇ ಬಗೆಯ ಜೀರ್ಣೋದ್ಧಾರ. ಉಳಿಸತಕ್ಕದ್ದು ಯಾವುದು, ಅಳಿಸತಕ್ಕದ್ದು ಯಾವುದು ಎಂಬ ವಿವೇಕವು ಇಲ್ಲಿ ಯಂತ್ರದಿಂದ ಬರುವಂಥದಲ್ಲ. ಇದನ್ನು ತಿಳಿಯಲು ಒಂದು ನಿದರ್ಶನವನ್ನು ಪರೀಕ್ಷಿಸಿದರೆ ಸಾಕು.

1938ನೆಯ ಜನವರಿ 16ರಂದು ವಿಯೆನ್ನಾ ನಗರದ ಮ್ಯೂಸಿಕ್‌ಫೆರೈನ್ ಸಭಾಮಂದಿರದಲ್ಲಿ ಬ್ರೂನೋ ವಾಲ್ಟರನು ವಿಯೆನ್ನಾ ಫಿಲ್‌ಹಾರ್ಮೋನಿಕ್ ವಾದ್ಯವೃಂದದಿಂದ ಗುಸ್ಟಾವ್ ಮಾಲರನ ಒಂಬತ್ತನೆಯ ಸಿಂಫೊನಿಯನ್ನು ನುಡಿಸಿದನು. ಮಾಲರನು ಈ ಕೃತಿಯನ್ನು ಕಿವಿಯಾರೆ ಕೇಳದೆಯೇ 1911ರಲ್ಲಿ ತೀರಿಕೊಂಡಿದ್ದನು. ಮರುವರ್ಷ ಅದೇ ನಗರದಲ್ಲಿ ಅದನ್ನು ಮೊಟ್ಟಮೊದಲು ಲೋಕಕ್ಕೆ ಕೇಳಿಸಿದವನೂ ಈ ವಾಲ್ಟರನೇ. 1938ರ ಕಚೇರಿಯನ್ನು ಹಿಸ್ ಮಾಸ್ಟರ್ಸ್ ವಾಯ್ಸ್ ಸಂಸ್ಥೆಗಾಗಿ ಮುದ್ರಿಸಿದವನು ಫ್ರೆಡ್ ಗೈಸ್‌ಬರ್ಗ್. 1902ರಲ್ಲಿ ಕಲ್ಕತ್ತೆಗೆ ಬಂದು ಗೌಹರ್ ಜಾನಳ ಗಾನವನ್ನು ತಟ್ಟೆಗೆ ಇಳಿಸಿದವನೂ ಇವನೇ. ಆ ಗಾಯಕಿಯು ಕಡೆಗಾಲದಲ್ಲಿ ಮೈಸೂರನ್ನು ಸೇರಿ 1930ರಲ್ಲಿ ಅಲ್ಲಿಯೇ ದೇಹವಿಟ್ಟಳು. ವಿಯೆನ್ನಾದ ಆ ದಿನದ ಸುಮಾರು 70 ನಿಮಿಷಗಳ ಸಂಗೀತವು 10 ತಟ್ಟೆಗಳ 20 ಮಗ್ಗುಲುಗಳಲ್ಲಿ ಹಂಚಿಹೋಯಿತು.

ಎರಡು ತಿಂಗಳು ಕಳೆಯುವುದರೊಳಗೆ, ಮಾರ್ಚಿ 12ರಂದು, ಹಿಟ್ಲರನ ಸೇನೆಯು ಆಸ್ಟ್ರಿಯವನ್ನು ಹೊಕ್ಕಿತು. ಯೆಹೂದ್ಯನಾದ ವಾಲ್ಟರನಿಗೆ ಆ ನಗರದ ಬಾಗಿಲು ಮುಚ್ಚಿತು. ಮಾಲರನ ತಂಗಿಯ ಗಂಡನೂ, 1881ರಿಂದ ಆ ವೃಂದದ ಮುಂದಾಳು ಪಿಟೀಲುವಾದಕನೂ ಆಗಿದ್ದ ಆರ್ನೋಲ್ಡ್ ರೋಸೆಯು ಹೊರದೂಡಲ್ಪಟ್ಟು ಲಂಡನ್ನಿನಲ್ಲಿ 1946ರಲ್ಲಿ ಮಡಿದನು. ಅವನ ಮಗಳು ಆಲ್ಮಾ 1944ರಲ್ಲಿ ಆಷ್‌ವಿಟ್ಸ್ ಶಿಬಿರದಲ್ಲಿ ಅಸುನೀಗಿದಳು. ವೃಂದದ ಅಂದಿನ ಮತ್ತು ಹಿಂದಿನ ವಾದಕರಲ್ಲಿ ಐವರು ನಾಜಿಗಳ ಶಿಬಿರಗಳಲ್ಲಿಯೇ ಪ್ರಾಣಬಿಟ್ಟರು. ಹೀಗೆ ಆ 20 ಮಗ್ಗುಲುಗಳು ಚೆದುರಿಹೋದ ಒಂದು ಕುಟುಂಬವು ಕಲೆತು ಕುಳಿತಿದ್ದಕ್ಕೆ ಸಾಕ್ಷಿಯಾಗಿ ಉಳಿದವು. ಸಾಕ್ಷಿಯ ಮಾತನ್ನು ತಿದ್ದುವವನ ಹೊಣೆ ಎಂಥದೆಂಬುದು ಇದರಿಂದಲೇ ವಿದಿತವಾಗುವುದು.

ಸಂಸ್ಕಾರಕನ ಕೆಲಸವು ಓಲೆಯ ಪ್ರತಿಗಳಿಂದ ಕಾವ್ಯವನ್ನು ಸಂಪಾದಿಸುವವನ ಕೆಲಸವನ್ನು ಬಹುವಾಗಿ ಹೋಲುವುದು. ಮೊದಲು ಸವೆಯದ ಪ್ರತಿಯನ್ನು ಹುಡುಕಬೇಕು. ಬಳಿಕ ಗೀರಿನ ಅಗಲಕ್ಕೆ ಹೊಂದುವ ಮುಳ್ಳನ್ನು ಆರಿಸಬೇಕು. ತಿರುಗುವ ವೇಗವು ಎಳ್ಳಷ್ಟು ತಪ್ಪಿದರೂ ಶ್ರುತಿ ತಪ್ಪುವುದರಿಂದ ಅದನ್ನು ಸರಿಗೊಳಿಸಬೇಕು. ಮಗ್ಗುಲು ಮಗ್ಗುಲುಗಳ ನಡುವಿನ ಬೆಸುಗೆ ಕಿವಿಗೆ ತೋರದಂತೆ ಜೋಡಿಸಬೇಕು. ಇಷ್ಟನ್ನು ಮಾಡಿದವನು ಗ್ರಂಥಕ್ಕೆ ಉಪಕಾರ ಮಾಡಿದವನೇ. ತೊಡಕು ಹುಟ್ಟುವುದು ಹುಳು ತಿಂದ ಎಡೆಯಲ್ಲಿ ತನ್ನ ಅಕ್ಷರವನ್ನು ಬರೆಯಲು ಹೊರಟಾಗ.

ಅತಿಸೂಕ್ಷ್ಮ ಶ್ರವಣಕ್ಕೆಂದು ಮಾರಲ್ಪಡುವ ಆವೃತ್ತಿಗಳ ಹೆಗ್ಗಳಿಕೆಯನ್ನೂ ಇಲ್ಲಿ ತೂಗಿ ನೋಡಬೇಕು. ಸಿ.ಡಿ.ಯು ಸೆಕೆಂಡಿಗೆ 44,100 ಬಾರಿ ಧ್ವನಿಯನ್ನು ಅಳೆದರೆ, ಇವು 96,000 ಬಾರಿ ಅಳೆಯುವುವು. ಸೆಕೆಂಡಿಗೆ 48,000 ಕಂಪನಗಳವರೆಗಿನ ನಾದವು ಇವುಗಳಲ್ಲಿ ಹಿಡಿಸುವುದು. ಆದರೆ ಮನುಷ್ಯನ ಕಿವಿಯ ಮೇರೆ 20,000. ಆ ಕಾಲದ ತಟ್ಟೆಯಲ್ಲಿ 10,000ದಿಂದಾಚೆಗೆ ಇರುವ ಸಂಗೀತವು ಅತ್ಯಲ್ಪ, ಉಳಿದದ್ದೆಲ್ಲ ಸಿಳ್ಳುಸದ್ದು. ಪಾತ್ರೆ ದೊಡ್ಡದಾದ ಮಾತ್ರಕ್ಕೆ ಹಾಲು ಹೆಚ್ಚದು. ಹಾಗೆಂದು ಈ ಸೂಕ್ಷ್ಮತೆಯು ವ್ಯರ್ಥವೆನ್ನುವುದೂ ತಪ್ಪು. ಗೀರಿನ ಚಿಟಿಚಿಟಿ ಸದ್ದು ಮೊನಚಾದುದು. ಅಳತೆ ನುಣುಪಾದಷ್ಟೂ ಅದನ್ನು ಸಂಗೀತದಿಂದ ಬೇರ್ಪಡಿಸುವುದು ಸುಲಭ. ಅಂತೂ ಇದರ ಪ್ರಯೋಜನವು ಕೇಳುವವನ ಮನೆಗಿಂತ ಸಂಸ್ಕಾರಕನ ಕಮ್ಮಟದಲ್ಲಿಯೇ ಮಿಗಿಲು.

ಆವೃತ್ತಿಗಳ ತಾರತಮ್ಯವನ್ನು ಗೊತ್ತುಮಾಡುವ ಒರೆಗಲ್ಲು ಸಿಂಫೊನಿಯ ಕಡೆಯ ಪುಟ. ಅಲ್ಲಿ ತಂತಿವಾದ್ಯಗಳು ಮಾತ್ರ ಉಳಿದು, ಒಂದೊಂದಾಗಿ ಕ್ಷೀಣಿಸಿ, ಮೌನದಲ್ಲಿ ಕರಗುವುವು. ಪ್ರಾಣ ಅಡಗುತ್ತಿರುವಂತೆ ಎಂಬರ್ಥದ ಜರ್ಮನ್ ಪದವನ್ನು ಮಾಲರನು ಅಲ್ಲಿ ಬರೆದಿರುವನು. ಅರಗಿನ ತಟ್ಟೆಯ ಸರಸರ ಸದ್ದು ಸಂಗೀತಕ್ಕಿಂತ ಮೇಲಾಗುವುದೂ ಅಲ್ಲಿಯೇ. ಶುಚಿತ್ವದ ಮೋಹಕ್ಕೆ ಸಿಕ್ಕವನು ಸದ್ದನ್ನು ಸೋಸುವ ಭರದಲ್ಲಿ ಪಿಟೀಲುಗಳ ಉಸಿರನ್ನೂ ಸೋಸಿಬಿಡುವನು. ಆಗ ಕೇಳುವುದು ಮರಣವಲ್ಲ, ಶೂನ್ಯ. ಇನ್ನು ಕೆಲವರು ಇಲ್ಲದ ಸಭಾಂಗಣದ ಅನುರಣನವನ್ನು ಕೂಡಿಸಿ, ಒಂದೇ ನಾಲೆಯ ಧ್ವನಿಯನ್ನು ಎಡಬಲಕ್ಕೆ ಹರಡುವರು. ಇದು ಪಾಠವಲ್ಲ, ಪ್ರಕ್ಷೇಪ.

ಹಾಗಾದರೆ ತಟ್ಟೆಯನ್ನು ಮುಟ್ಟದೆ ಇದ್ದಂತೆಯೇ ಕೇಳಿಸುವುದು ಲೇಸೆಂದು ವಾದಿಸುವವರುಂಟು. ಆದರೆ ಅರಗಿಗೆ ಬೆರೆಸಿದ ಕಲ್ಲುಪುಡಿಯ ಗೊರಗೊರವನ್ನು ಅಂದಿನ ಶ್ರೋತೃಗಳಾರೂ ಕೇಳಿರಲಿಲ್ಲ. ಅದನ್ನು ಕಾಯ್ದುಕೊಳ್ಳುವುದು ಭಕ್ತಿಯಲ್ಲ. ಆ ದಿನ ಸಭೆಯಲ್ಲಿ ಇದ್ದುದು ಉಳಿಯಬೇಕು. ತಟ್ಟೆಯು ತಂದುಹಾಕಿದ್ದು ತೊಲಗಬೇಕು. ಎರಡೂ ಹೆಣೆದುಕೊಂಡಿರುವಲ್ಲಿ ಕೈಯನ್ನು ತಡೆಯಬೇಕು. ಇದೇ ನ್ಯಾಯವಾದ ನಿಯಮ. ಇದರಂತೆ, ಮೆಲುದನಿಯ ಎಡೆಯಲ್ಲಿ ಕೇಳಿಬರುವ ಸಭಿಕರ ಕೆಮ್ಮು ದೋಷವಲ್ಲ. ಆ ಚಳಿಗಾಲದ ದಿನ ಅಲ್ಲಿ ಕುಳಿತಿದ್ದ ಜೀವವೊಂದರ ಗುರುತು ಅದು. ಮಾರ್ಚಿಯ ಬಳಿಕ ಆ ಜೀವದ ಗತಿ ಏನಾಯಿತೋ!

ವಾಲ್ಟರನು ಇದೇ ಸಿಂಫೊನಿಯನ್ನು 1961ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಸ್ಟೀರಿಯೋ ಪದ್ಧತಿಯಲ್ಲಿ ಮತ್ತೆ ಮುದ್ರಿಸಿದನು. ನಡೆ ನಿಧಾನ, ಧ್ವನಿ ನಿರ್ಮಲ, ಪ್ರತಿಯೊಂದು ವಾದ್ಯವೂ ಸ್ಪಷ್ಟ. ಆದರೂ ರಸಿಕರು 1938ರ ತಟ್ಟೆಗಳನ್ನು ಬಿಟ್ಟವರಲ್ಲ. ಸ್ಪಷ್ಟತೆಯೊಂದೇ ಶ್ರವಣದ ಗುರಿಯಾಗಿದ್ದರೆ ಹಳೆಯದರ ಜೀರ್ಣೋದ್ಧಾರವೇ ಬೇಕಾಗಿರಲಿಲ್ಲ. ಮುಖವನ್ನು ಕಾಣುವುದಕ್ಕಾಗಿ ಧೂಳನ್ನು ಒರಸುವರೇ ಹೊರತು, ಕನ್ನಡಿಯ ಹೊಳಪನ್ನು ಮೆಚ್ಚುವುದಕ್ಕಾಗಿ ಅಲ್ಲ.